ಹೋಗುವ ಹಗಲು, ಬರುವ ಇರುಳು

ಪ್ರಯಾಣಕ್ಕೆ ಮುನ್ನ ನಡೆಯುವ ಪ್ರಯಾಣವೊಂದುಂಟು. ಅದಕ್ಕೆ ಟಿಕೆಟ್ಟಿಲ್ಲ, ಪೆಟ್ಟಿಗೆಯ ತೂಕದ ಲೆಕ್ಕವಿಲ್ಲ. ಆದರೆ ಆಯಾಸ ಮಾತ್ರ ನಿಜವಾದ ಪ್ರಯಾಣಕ್ಕಿಂತ ಒಂದು ಗುಲಗಂಜಿ ಹೆಚ್ಚೇ. ಯಾವ ದಿನ, ಯಾವ ವೇಳೆ, ಯಾವ ವಿಮಾನ, ಅದರಲ್ಲಿ ಯಾವ ದರ್ಜೆ ಎಂಬ ನಾಲ್ಕು ಪ್ರಶ್ನೆಗಳ ನಡುವೆ ಸಿಕ್ಕಿಕೊಂಡ ಗೃಹಸ್ಥನ ಪಾಡು, ಹಿಂದಿನ ಕಾಲದಲ್ಲಿ ಮಗಳಿಗೆ ವರನನ್ನು ಹುಡುಕುತ್ತಿದ್ದ ತಂದೆಯ ಪಾಡಿಗಿಂತ ಕಡಿಮೆಯದಲ್ಲ. ಅಲ್ಲಾದರೂ ಜಾತಕ ಕೂಡಿದರೆ ಒಂದು ನಿಲುಗಡೆಯಿರುತ್ತಿತ್ತು. ಇಲ್ಲಿ ಬೆಳಿಗ್ಗೆ ಕೂಡಿದ ಜಾತಕ ಸಂಜೆಗೆ ಐವತ್ತು ಪೌಂಡು ಏರಿ ಕುಳಿತಿರುತ್ತದೆ.

ಲಂಡನ್ನಿನ ಪಶ್ಚಿಮ ಭಾಗದಲ್ಲಿ, ಹೀಥ್ರೋವಿಗೆ ಇಳಿಯುವ ವಿಮಾನಗಳ ಮೊರೆತ ಅಡಿಗೆಮನೆಯ ಕಿಟಕಿಯೊಳಗೆ ನುಗ್ಗುವಷ್ಟು ಹತ್ತಿರದಲ್ಲಿ, ಮೈಸೂರು ಸೀಮೆಯ ದಂಪತಿಗಳಿದ್ದಾರೆ. ರಾಯರು ಅಲ್ಲಿನ ಶಾಲೆಯೊಂದರಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಅವರ ಪತ್ನಿ ಆಸ್ಪತ್ರೆಯಲ್ಲಿ ದಾದಿಯಾಗಿ ಮೂವತ್ತು ವರ್ಷ ದುಡಿದವರು. ಅದರಲ್ಲಿ ಹೆಚ್ಚಿನ ಪಾಲು ರಾತ್ರಿಯ ಪಾಳಿ. ನಲವತ್ತು ವರ್ಷ ತಲೆಯ ಮೇಲೆ ವಿಮಾನ ಹಾರುವುದನ್ನು ಕೇಳಿಸಿಕೊಂಡೂ ಅವರು ಏರಿದ್ದು ಬೆಂಗಳೂರಿನ ದಾರಿಯ ವಿಮಾನಗಳನ್ನು ಮಾತ್ರ. ಪಡುವಣಕ್ಕೆ ಒಮ್ಮೆಯೂ ಮುಖ ಮಾಡಿರಲಿಲ್ಲ. ಆಕೆಗೆ ಮಾತ್ರ ಒಂದು ಹಳೆಯ ಆಸೆಯಿತ್ತು. ಶಾಲೆಯ ದಿನಗಳಲ್ಲಿ ಯಾವುದೋ ಕ್ಯಾಲೆಂಡರಿನಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯ ಚಿತ್ರ ನೋಡಿ, ಅದರ ಮೇಲೆ ಈ ತುದಿಯಿಂದ ಆ ತುದಿಗೆ ನಡೆಯಬೇಕೆಂದು ಮನಸ್ಸಿನಲ್ಲಿಟ್ಟುಕೊಂಡಿದ್ದರು. 1883ರಲ್ಲಿ ತೆರೆದ ಆ ಸೇತುವೆಯ ಉದ್ದ 1,800 ಮೀಟರಿಗೂ ಮಿಗಿಲು. ಹಿಂದಿನ ವರ್ಷ ಬಲಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾಗಿ ಹೊಸ ಕೀಲು ಬಂದ ಮೇಲೆ, "ಈಗ ನಡೆಯದಿದ್ದರೆ ಇನ್ನು ಯಾವಾಗ?" ಎಂಬ ಮಾತು ಮನೆಯಲ್ಲಿ ಹುಟ್ಟಿತು. ಮಹಡಿಯ ಕೋಣೆಗಳಿಗೆ ಹೊಸ ಜಮಖಾನ ಹಾಸಿಸಲೆಂದು ಕೂಡಿಟ್ಟಿದ್ದ ಹಣ ಅಟ್ಲಾಂಟಿಕ್ ದಾಟಲು ಮೀಸಲಾಯಿತು. 2025ರ ಸೆಪ್ಟೆಂಬರಿನಲ್ಲಿ ಐದು ದಿನ ಎಂದು ನಿಶ್ಚಯವೂ ಆಯಿತು.

ಇಷ್ಟಾದ ಮೇಲೆ ರಾಯರು ಚೌಕುಳಿ ಕಾಗದ ತೆಗೆದರು.

ಗಣಿತದ ಮೇಷ್ಟರ ಕೈಗೆ ಚೌಕುಳಿ ಕಾಗದ ಸಿಕ್ಕಿದರೆ ಮುಂದಿನದನ್ನು ಹೇಳಬೇಕಾಗಿಲ್ಲ. ಒಂದು ವಾರ ಊಟದ ಮೇಜಿನ ಮೇಲೆ ತಟ್ಟೆಗೆ ಜಾಗವಿರಲಿಲ್ಲ. ಅಡ್ಡಸಾಲಿನಲ್ಲಿ ದರ್ಜೆಗಳು: ಎಕಾನಮಿ, ಪ್ರೀಮಿಯಮ್ ಎಕಾನಮಿ, ಬಿಸಿನೆಸ್. ಫಸ್ಟ್ ಕ್ಲಾಸಿಗೆ ಅವರು ಗೆರೆ ಎಳೆಯಲೇ ಇಲ್ಲ. ಅದು ಕಾಗದಕ್ಕೂ ಅಪಮಾನವೆಂದು ತೋರಿರಬೇಕು. ಎಕಾನಮಿಯಲ್ಲಿ ಒಂದು ಆಸನಕ್ಕೂ ಅದರ ಮುಂದಿನದಕ್ಕೂ ಸಾಮಾನ್ಯವಾಗಿ 31 ಅಂಗುಲದ ಅಂತರ, ಪ್ರೀಮಿಯಮ್‌ನಲ್ಲಿ 38. ಬಿಸಿನೆಸ್‌ನಲ್ಲಿ ಅಂಗುಲದ ಮಾತೇ ಇಲ್ಲ, ಆಸನವೇ ಬಿಚ್ಚಿ ಮಂಚವಾಗುತ್ತದೆ. ಆಕೆ ಅದಕ್ಕೆ 'ಮಂಚದ ಟಿಕೆಟ್ಟು' ಎಂದೇ ಹೆಸರಿಟ್ಟರು.

ಈ ದರ್ಜೆಗಳ ಕಥೆಯೂ ಸ್ವಾರಸ್ಯವಾದುದು. ಎರಡನೆಯ ಮಹಾಯುದ್ಧ ಮುಗಿದ ಹೊಸದರಲ್ಲಿ ಅಟ್ಲಾಂಟಿಕ್ಕಿನ ಮೇಲೆ ಹಾರುವುದೆಂದರೆ ಶ್ರೀಮಂತರ ಕೆಲಸ. ಇದ್ದುದು ಒಂದೇ ದರ್ಜೆ. 1952ರ ಮೇ ತಿಂಗಳಲ್ಲಿ 'ಟೂರಿಸ್ಟ್' ಎಂಬ ಅಗ್ಗದ ದರ್ಜೆ ಬಂದಿತು. 1958ರ ಏಪ್ರಿಲ್‌ನಲ್ಲಿ ಅದಕ್ಕಿಂತಲೂ ಅಗ್ಗವಾದ 'ಎಕಾನಮಿ' ಹುಟ್ಟಿತು. ಅಗ್ಗದವರಿಗೆ ಬಿಸಿಯೂಟ ಕೂಡದು, ತಣ್ಣನೆಯ ಸ್ಯಾಂಡ್‌ವಿಚ್ ಮಾತ್ರ ಎಂದು ವಿಮಾನ ಸಂಸ್ಥೆಗಳ ಒಕ್ಕೂಟ ಕಟ್ಟಳೆ ಮಾಡಿತು. ಯೂರೋಪಿನ ಒಂದು ಸಂಸ್ಥೆಯವರು ಒಂದು ಚೂರು ರೊಟ್ಟಿಯ ಮೇಲೆ ಮಾಂಸ, ಮೀನು, ಸೊಪ್ಪುಗಳನ್ನು ಗೋಪುರದಂತೆ ಪೇರಿಸಿ, 'ಇದೂ ಸ್ಯಾಂಡ್‌ವಿಚ್ಚೇ' ಎಂದು ಬಡಿಸಿದರು. ಎದುರಾಳಿಗಳು ದೂರು ಕೊಟ್ಟರು, ದಂಡವೂ ಬಿದ್ದಿತು. ಬಡವನ ತಟ್ಟೆಯಲ್ಲಿ ಹೆಚ್ಚು ಬಿದ್ದಿತೆಂದು ಸಿರಿವಂತ ಸಂಸ್ಥೆಗಳು ಕಣ್ಣು ಕೆಂಪಗೆ ಮಾಡಿಕೊಂಡದ್ದು ಅದೇ ಮೊದಲೇನಲ್ಲ, ಕಡೆಯದೂ ಅಲ್ಲವೆನ್ನಬೇಕು. ಅದೇ ವರ್ಷದ ಅಕ್ಟೋಬರ್ 4ರಂದು ಲಂಡನ್ ಮತ್ತು ನ್ಯೂಯಾರ್ಕ್‌ಗಳ ನಡುವೆ ಜೆಟ್ ವಿಮಾನದ ಸಂಚಾರ ಆರಂಭವಾಯಿತು. 1977ರಿಂದ 2003ರವರೆಗೆ ಕಾಂಕಾರ್ಡ್ ಇದೇ ದಾರಿಯನ್ನು ಮೂರೂವರೆ ಗಂಟೆಯಲ್ಲಿ ಸವೆಸುತ್ತಿತ್ತು. ಅದು ನಿಂತ ಮೇಲೆ ವೇಗವನ್ನು ಕೊಳ್ಳುವ ದಾರಿ ಮುಚ್ಚಿತು. ಈಗ ಹೆಚ್ಚು ಹಣ ತೆತ್ತವನೂ ಹಿಂದಿನ ಸಾಲಿನವನ ಜೊತೆಗೇ, ಅದೇ ಗಳಿಗೆಯಲ್ಲಿಯೇ, ಅದೇ ನೆಲಕ್ಕೆ ಇಳಿಯುತ್ತಾನೆ. ಹಣ ಕೊಳ್ಳುವುದು ಜಾಗವನ್ನು, ನಿದ್ದೆಯನ್ನು.

ನಿದ್ದೆಯ ಮಾತು ಬಂದಾಗಲೇ ರಾಯರ ಲೆಕ್ಕಕ್ಕೆ ಹೊಸ ಕಣ್ಣು ಮೂಡಿದ್ದು. ಹೋಗುವ ದಾರಿಗೂ ಬರುವ ದಾರಿಗೂ ಒಂದೇ ಬಗೆಯ ಆಸನ ಏಕೆ ಬೇಕು? ಲಂಡನ್ನನ್ನು ಬೆಳಿಗ್ಗೆ 11ಕ್ಕೆ ಬಿಟ್ಟರೆ, ಎದುರುಗಾಳಿಯ ದೆಸೆಯಿಂದ ಎಂಟು ಗಂಟೆ ಹಾರಿದರೂ, ಐದು ಗಂಟೆಯ ಕಾಲಭೇದ ಕಳೆದು ಅಲ್ಲಿ ಇಳಿಯುವಾಗ ಮಧ್ಯಾಹ್ನ 2. ಸೂರ್ಯ ದಾರಿಯುದ್ದಕ್ಕೂ ಜೊತೆಗೇ ಬರುತ್ತಾನೆ. ಹಗಲು ಹೊತ್ತಿನಲ್ಲಿ ಮಂಚವೇಕೆ? ಬರುವಾಗ ಹಾಗಲ್ಲ. ಹೆಚ್ಚಿನ ವಿಮಾನಗಳು ನ್ಯೂಯಾರ್ಕನ್ನು ರಾತ್ರಿ ಬಿಡುತ್ತವೆ. ಮೇಲ್ಗಾಳಿ ಬೆನ್ನು ತಟ್ಟುವುದರಿಂದ ಆರೂವರೆ ಏಳು ಗಂಟೆಯಲ್ಲಿ ಪ್ರಯಾಣ ಮುಗಿಯುತ್ತದೆ. 2020ರ ಫೆಬ್ರವರಿಯಲ್ಲಿ ಬಿರುಗಾಳಿಯ ಬೆನ್ನೇರಿದ ಒಂದು ವಿಮಾನ ಐದು ಗಂಟೆಯೊಳಗಾಗಿಯೇ ಲಂಡನ್ ಸೇರಿತ್ತು. ಬೇಗ ಬಂದುದೇ ಇಲ್ಲಿ ತೊಂದರೆ. ಊಟ ಬಡಿಸಿ, ತಟ್ಟೆ ತೆಗೆದು, ದೀಪ ಆರಿಸಿ, ಮತ್ತೆ ದೀಪ ಹಚ್ಚಿ ಕಾಫಿ ಕೊಡುವುದರೊಳಗೆ ಉಳಿಯುವ ರಾತ್ರಿ ಮೂರೂವರೆ ಗಂಟೆ. ನೆಟ್ಟಗೆ ಕುಳಿತವನಿಗೆ ಅದು ನಿದ್ದೆಯಲ್ಲ, ಕತ್ತುನೋವು. ಆದ್ದರಿಂದ ಒಂದು ಕಡೆಗೆ ಮಾತ್ರ ಹಣ ಸುರಿಯುವುದಾದರೆ ಬರುವ ಕಡೆಗೆ ಸುರಿಯಬೇಕು.

ಸರಕಾರದ ತೆರಿಗೆಯೂ ಇದೇ ತೀರ್ಮಾನಕ್ಕೆ ತಾಳ ಹಾಕಿತು. ಬ್ರಿಟನ್ನಿನಿಂದ ಹೊರಡುವ ಪ್ರಯಾಣಿಕನ ಮೇಲೆ ಅಲ್ಲಿನ ಸರಕಾರ ವಿಮಾನ ಸುಂಕ ಹೇರುತ್ತದೆ. ಅಮೆರಿಕೆಯಷ್ಟು ದೂರಕ್ಕೆ, 2025ರ ಏಪ್ರಿಲ್‌ನಿಂದ ಆರಂಭವಾದ ವರ್ಷದಲ್ಲಿ, ಎಲ್ಲಕ್ಕಿಂತ ಕೆಳಗಿನ ದರ್ಜೆಗೆ ಅದು 90 ಪೌಂಡು. ಅದಕ್ಕಿಂತ ಮೇಲಿನ ಯಾವ ದರ್ಜೆಗಾದರೂ 216. ಪ್ರೀಮಿಯಮ್ ಎಕಾನಮಿಯವನು ಏಳು ಅಂಗುಲದ ಆಸೆಗೆ ಬಿದ್ದು ಮಂಚದವನಷ್ಟೇ ಸುಂಕ ತೆರುತ್ತಾನೆ. ಅಮೆರಿಕೆಯಿಂದ ಹಿಂದಿರುಗುವಾಗ ಈ ಸುಂಕವಿಲ್ಲ. ಇದನ್ನು ಕಂಡ ರಾಯರು ಕೆಂಪು ಶಾಯಿಯಿಂದ ಎರಡು ಗೆರೆ ಎಳೆದು, ಪ್ರಮೇಯ ಸಾಧಿಸಿದವರಂತೆ ಕನ್ನಡಕ ತೆಗೆದಿಟ್ಟರು.

ಅಷ್ಟರಲ್ಲಿ ಸೋದರಳಿಯನೊಬ್ಬ ಬಂದು, "ಮಾವ, ಡಬ್ಲಿನ್‌ನಿಂದ ಹೊರಡಿ. ಅಲ್ಲಿ ಸುಂಕವೇ ಇಲ್ಲ. ಅಮೆರಿಕೆಯ ವಲಸೆ ತಪಾಸಣೆಯನ್ನೂ ಅಲ್ಲಿಯೇ ಮುಗಿಸಿಬಿಡುತ್ತಾರೆ" ಎಂದು ಇನ್ನೊಂದು ಕಾಗದಕ್ಕೆ ದಾರಿ ಮಾಡಿದ. ಅವನು ಹೇಳಿದ್ದು ಸುಳ್ಳಲ್ಲ. ಐರ್ಲೆಂಡ್ ತನ್ನ ಪ್ರಯಾಣ ತೆರಿಗೆಯನ್ನು 2014ರಲ್ಲಿಯೇ ಕೈಬಿಟ್ಟಿದೆ. ಆದರೆ ಲಂಡನ್ನಿನಿಂದ ಒಂದೇ ಟಿಕೆಟ್ಟಿನಲ್ಲಿ ಹೊರಟರೆ ಬ್ರಿಟನ್ನಿನ ಸುಂಕ ತಪ್ಪುವುದಿಲ್ಲ. ಬೇರೆ ಟಿಕೆಟ್ಟು ಕೊಂಡರೆ, ಮೊದಲ ವಿಮಾನ ತಡವಾದಾಗ ಎರಡನೆಯದು ಕಾಯುವುದಿಲ್ಲ. ಆಕೆ ಒಳಗಿನಿಂದಲೇ, "ಮೂಗು ಹಿಡಿಯುವುದಕ್ಕೆ ಕತ್ತಿನ ಸುತ್ತ ಕೈ ತರಬೇಡಪ್ಪ" ಎಂದರು. ಡಬ್ಲಿನ್ ಅಲ್ಲಿಗೆ ಮುಗಿಯಿತು.

ನಿಜವಾದ ತೊಡಕು ಬೇರೆ ಕಡೆ ಇತ್ತು. ಕಾಗದದ ಮೂಲೆಯಲ್ಲಿ ಪೆನ್ಸಿಲಿನಲ್ಲಿ ಸಣ್ಣಗೆ ಬರೆದಿದ್ದ ಒಂದು ಸಾಲು, ಮೇಜು ಒರೆಸುವಾಗ ಆಕೆಯ ಕಣ್ಣಿಗೆ ಬಿದ್ದಿತು: 'ಹಿಂದಿರುಗುವಾಗ: ಮಂಚ 1, ಎಕಾನಮಿ 1.' ಮಂಚದ ಬೆಲೆ ಹಿಂದಿನ ಆಸನದ ನಾಲ್ಕರಷ್ಟಿತ್ತು. ಜಮಖಾನದ ಹಣ ಎರಡು ಮಂಚಕ್ಕೆ ಸಾಲದು. ಒಂದನ್ನು ಆಕೆಗೆ ಕೊಂಡು, ತಾವು ಹಿಂದೆ ಕುಳಿತು ಬರುವುದೆಂದು ರಾಯರು ಯಾರಿಗೂ ಹೇಳದೆ ನಿಶ್ಚಯಿಸಿದ್ದರು.

"ಇದೇನ್ರೀ?" ಎಂದು ಆಕೆ ಕೇಳಿದರು.

ರಾಯರು ಮೊದಲು ಮೊಣಕಾಲಿನ ನೆಪ ಹೇಳಿದರು. ಆಮೇಲೆ ತಡೆದು ತಡೆದು, "ಮೂವತ್ತು ವರ್ಷ ನಾನು ಹಾಸಿಗೆಯಲ್ಲಿ ಮಲಗಿದ್ದಾಗ ನೀನು ವಾರ್ಡಿನಲ್ಲಿ ನಿಂತಿದ್ದೆ. ಒಂದು ರಾತ್ರಿಯಾದರೂ ನೀನು ಮಲಗು, ನಾನು ಎಚ್ಚರವಾಗಿರುತ್ತೇನೆ" ಎಂದರು. ಇಷ್ಟು ಉದ್ದದ ಮಾತನ್ನು ಅವರು ಲೆಕ್ಕದ ಹೊರತು ಬೇರೆ ವಿಷಯಕ್ಕೆ ಆಡಿದವರಲ್ಲ.

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ದಾದಿಯ ಧ್ವನಿಯಲ್ಲಿ ಮಾತನಾಡಿದರು. ಕಾಲಿಗೆ ಹಗೆ ಎಕಾನಮಿಯಲ್ಲ, ಅಲುಗದೆ ಕೂರುವುದು. ನಾಲ್ಕು ಗಂಟೆ ಮೀರಿದ ಪ್ರಯಾಣದಲ್ಲಿ ರಕ್ತನಾಳದಲ್ಲಿ ಗರಣೆ ಕಟ್ಟುವ ಅಪಾಯ ಸುಮಾರು ಎರಡರಷ್ಟಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿಯೇ ಹೇಳಿದೆ. ಬಸ್ಸು, ರೈಲು, ಕಾರುಗಳಲ್ಲಿಯೂ ಅದೇ ಕಥೆ. ಅಪಾಯ ಹಾಗೆ ನೋಡಿದರೆ ಸಣ್ಣದೇ, ಆರು ಸಾವಿರದಲ್ಲಿ ಒಬ್ಬರಿಗೆ. ಆದರೆ ಮಂಚದ ಮೇಲೆ ಕೊರಡಿನಂತೆ ಬಿದ್ದುಕೊಂಡವರಿಗಿಂತ, ನಡುದಾರಿಯ ಪಕ್ಕದಲ್ಲಿ ಕುಳಿತು ಗಂಟೆಗೊಮ್ಮೆ ಎದ್ದು ನಡೆಯುವವರು ಮೇಲು. "ನನಗೆ ಬೇಕಾದ್ದು ನಡುದಾರಿಯ ಆಸನ. ನಿಮ್ಮನ್ನು ಹಿಂದೆ ಕೂರಿಸಿ, ಮುಂದೆ ಪರದೆಯ ಒಳಗೆ ನಾನು ಮಲಗಿದರೆ ನಿದ್ದೆ ಬರುತ್ತದೆಯೇ? ಆ ದುಡ್ಡಿಗೆ ನಾಲ್ಕು ಮಾತ್ರೆ ತೆಗೆದುಕೊಳ್ಳಬಹುದು."

ಜಗಳವೆನ್ನುವಂತಿಲ್ಲ, ಆದರೂ ಎರಡು ದಿನ ಮನೆಯಲ್ಲಿ ಸಾರಿಗೆ ಉಪ್ಪು ಕಡಿಮೆ ಬಿದ್ದಿತು. ಒಬ್ಬರು ಕೊಡಲೇಬೇಕೆಂದೂ ಇನ್ನೊಬ್ಬರು ಒಲ್ಲೆನೆಂದೂ ಹಟ ಹಿಡಿದರೆ, ಬೆಲೆಪಟ್ಟಿಗಳಿಂದ ಅದು ಬಗೆಹರಿಯುವುದಿಲ್ಲ. ಅಂಗುಲಗಳನ್ನು ಅಳೆದು ಬರೆಯಬಹುದು, ಸುಂಕವನ್ನು ಕಳೆಯಬಹುದು. ಮೂವತ್ತು ವರ್ಷದ ರಾತ್ರಿಗಳನ್ನು ಯಾವ ಅಂಕಣದಲ್ಲಿ ಬರೆಯುವುದು?

ಮೂರನೆಯ ದಿನ ಆಕೆಯೇ ಕಂಪ್ಯೂಟರಿನ ಮುಂದೆ ಕುಳಿತು ಒಂದು ಸಂಗತಿಯನ್ನು ಹೊರಗೆಳೆದರು. ನ್ಯೂಯಾರ್ಕಿನಿಂದ ಬರುವ ವಿಮಾನಗಳೆಲ್ಲ ರಾತ್ರಿಯವಲ್ಲ. ಬೆಳಿಗ್ಗೆ ಎಂಟರ ಸುಮಾರಿಗೆ ಹೊರಟು, ರಾತ್ರಿ ಎಂಟರ ಸುಮಾರಿಗೆ ಹೀಥ್ರೋ ಮುಟ್ಟುವ ವಿಮಾನಗಳೂ ಒಂದೆರಡುಂಟು. ಹಗಲೆಲ್ಲ ಹಾರಿ, ಹತ್ತೂವರೆಗೆ ಮನೆ ಸೇರಿ, ತಮ್ಮ ಹಾಸಿಗೆಯಲ್ಲಿಯೇ ಮಲಗಬಹುದು. ರಾತ್ರಿಯೇ ಇಲ್ಲದ ಪ್ರಯಾಣಕ್ಕೆ ಮಂಚದ ವಾದವೂ ಇಲ್ಲ. ಇದರಲ್ಲಿ ನಷ್ಟವಿಲ್ಲವೆಂದಲ್ಲ. ನಗರದಲ್ಲಿ ಕೊನೆಯ ದಿನವೊಂದು ಕೈಬಿಡುತ್ತದೆ. ಬೆಳಗಿನ ಜಾವಕ್ಕೇ ಹೋಟೆಲನ್ನು ಬಿಡಬೇಕು. ರಾಯರು ಆ ನಷ್ಟವನ್ನೇ ಹಿಡಿದು ಒಂದು ಗಂಟೆ ವಾದಿಸಿದರು. ಮಂಚಕ್ಕೆ ಉಳಿದ ಹಣದಲ್ಲಿ ಮತ್ತೊಂದು ದಿನ ಹೆಚ್ಚಿಗೆ ತಂಗಬಹುದೆಂದು ಆಕೆ ಹೇಳಿದಾಗ ಗಣಿತದ ಮೇಷ್ಟರು ಸೋಲೊಪ್ಪಿದರು. ಐದು ದಿನ ಆರಾಯಿತು.

ವಿಮಾನದ ಜಾತಿಯನ್ನು ಆರಿಸಿದ್ದೂ ಆಕೆಯೇ. ದೊಡ್ಡ ವಿಮಾನಗಳಲ್ಲಿ ಕಿಟಕಿಯ ಪಕ್ಕ ಮೂರು ಮೂರು ಆಸನ. ದಂಪತಿಗಳ ಜೊತೆ ಅಪರಿಚಿತನೊಬ್ಬ ಇರಲೇಬೇಕು, ಮತ್ತು ಅವನು ಯಾವಾಗಲೂ ನಿದ್ದೆ ಮಾಡುವವನೇ ಆಗಿರುತ್ತಾನೆ. ಏರ್‌ಬಸ್ 330ರಲ್ಲಿ ಹಾಗಲ್ಲ. ಹಿಂದಿನ ದರ್ಜೆಯಲ್ಲಿಯೂ ಎರಡು ಪಕ್ಕಗಳಲ್ಲಿ ಎರಡೆರಡೇ ಆಸನಗಳು. ಕಿಟಕಿ ರಾಯರಿಗೆ, ನಡುದಾರಿ ಆಕೆಗೆ. ಆಸನ ಕಾಯ್ದಿರಿಸಲು ಪ್ರತ್ಯೇಕ ಹಣ ಕೇಳಿದ್ದಕ್ಕೆ ರಾಯರು ಗೊಣಗಿದರು, ಆಕೆ ಕೊಟ್ಟುಬಿಟ್ಟರು.

ಹೋಗುವಾಗ ಆಕೆ ಗಂಟೆಗೊಮ್ಮೆ ಎದ್ದು ವಿಮಾನದ ಬಾಲದವರೆಗೆ ನಡೆದು ಬಂದರು. ರೋಗಿಗಳ ಸಾಲನ್ನು ನೋಡುತ್ತ ಹೋದಂತೆ ಎರಡು ಕಡೆಯ ಪ್ರಯಾಣಿಕರನ್ನೂ ನೋಡುತ್ತ ಹೋದರೆಂದು ರಾಯರು ಹೇಳುತ್ತಾರೆ. ಇಳಿದಾಗ ಮೊಣಕಾಲು ಊದಿರಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಮ್ಯಾನ್‌ಹ್ಯಾಟನ್ ಕಡೆಯಿಂದ ಸೇತುವೆ ಹತ್ತಿದರು. ಮರದ ಹಲಗೆಯ ಹಾದಿ. ಕೆಳಗೆ ಮೋಟಾರುಗಳ ಓಟ, ಅದರ ಕೆಳಗೆ ನೀರು. ಮೂರು ಕಡೆ ನಿಂತರು. ಎರಡನೆಯ ಗೋಪುರದ ಬಳಿ ರಾಯರು, "ಸಾಕು, ಹಿಂದಿರುಗೋಣವೇ?" ಎಂದುದಕ್ಕೆ ಉತ್ತರ ಬರಲಿಲ್ಲ, ಆಕೆ ಆಗಲೇ ಹತ್ತು ಹೆಜ್ಜೆ ಮುಂದಿದ್ದರು. ಬ್ರೂಕ್ಲಿನ್ ಕಡೆ ಇಳಿದು ಒಂದು ಕಲ್ಲುಕಟ್ಟೆಯ ಮೇಲೆ ಕುಳಿತು, ಪೊಟ್ಟಣದಲ್ಲಿ ಕಟ್ಟಿ ತಂದಿದ್ದ ಚಕ್ಕುಲಿ ತಿಂದರು.

ಹೊರಡುವ ದಿನ ಟ್ಯಾಕ್ಸಿಗೆ ಹೇಳಿದ್ದು ನಾಲ್ಕೂವರೆಗೆ. ಎಚ್ಚರವಾಗಿರುತ್ತೇನೆಂದು ಮಾತು ಕೊಟ್ಟಿದ್ದ ರಾಯರು ಗಾಢನಿದ್ರೆಯಲ್ಲಿದ್ದರು. ನಾಲ್ಕು ಹೊಡೆಯುವ ಹೊತ್ತಿಗೆ ಆಕೆಯ ಸ್ನಾನವಾಗಿತ್ತು, ಪೆಟ್ಟಿಗೆಗಳಿಗೆ ಬೀಗ ಬಿದ್ದಿತ್ತು, ಪಾಸ್‌ಪೋರ್ಟುಗಳು ಕೈಚೀಲದಲ್ಲಿದ್ದವು. ದೀಪ ಹಾಕದೆ, ರಾಯರ ಭುಜ ಮುಟ್ಟಿ, "ಏಳಿ, ಪಾಳಿಗೆ ಹೊತ್ತಾಯಿತು" ಎಂದರು.