ಬೆರಳ ತುದಿಯ ಚಳಿ

ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೈ ಮರಗಟ್ಟುವಷ್ಟು ಚಳಿ ಇತ್ತು ಅಂದರೆ ನನ್ನ ಮೊಮ್ಮಗಳು ನಂಬುವುದಿಲ್ಲ. ಅವಳಿಗೆ ಗೊತ್ತಿರುವುದು ಗಾಜಿನ ಕಟ್ಟಡದ ಒಳಗಿನ ಏಸಿ ಚಳಿ. ನಾನು 1985ರಲ್ಲಿ ಅಲ್ಲಿ ಕೆಲಸಕ್ಕೆ ಸೇರಿದಾಗ ಇದ್ದದ್ದು ಬಯಲಿನ ಚಳಿ. ಕಿಯೋನಿಕ್ಸ್‌ನ ಆರ್.ಕೆ. ಬಾಳಿಗರು ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ಸ್ ಊರು ಕಟ್ಟುತ್ತೇವೆ ಅಂದಾಗ ಜನ ಆಶ್ಚರ್ಯಪಟ್ಟಿದ್ದರಂತೆ. ನಾನು ಬಂದಾಗಲೂ ಅಲ್ಲಿ ಕಾರ್ಖಾನೆಗಳಿಗಿಂತ ರಾಗಿ ಹೊಲವೇ ಹೆಚ್ಚು. ನಡುವೆ ನೀಲಗಿರಿ ತೋಪು, ಹುರುಳಿ, ಅವರೆ. ಗಾಳಿಗೆ ಅಡ್ಡ ಅನ್ನುವುದೇ ಇರಲಿಲ್ಲ. ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಎದ್ದರೆ ಇಲ್ಲಿ ಜಡಿ ಹಿಡಿಯುತ್ತಿತ್ತು. ಕಟಾವಿಗೆ ಬಂದ ರಾಗಿಯನ್ನು ಉಳಿಸಿಕೊಳ್ಳಲು ರೈತರು ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಹೊಲದಲ್ಲಿ ಓಡಾಡುತ್ತಿದ್ದರು. ಬೆಂಗಳೂರಿನಲ್ಲಿ 1884ರ ಜನವರಿ 13ರಂದು 7.8 ಡಿಗ್ರಿಗೆ ಇಳಿದದ್ದೇ ಇವತ್ತಿಗೂ ದಾಖಲೆ. ಅಷ್ಟೇನೂ ಬೇಡ, ಹದಿನೈದು ಡಿಗ್ರಿ, ಸೋನೆ, ಮೇಲೊಂದಿಷ್ಟು ಗಾಳಿ ಸೇರಿದರೆ ಸಾಕು, ಕ್ಯಾಮೆರಾ ಹಿಡಿದ ಬೆರಳಿಗೆ ತಾನು ಬಟನ್ ಒತ್ತಿದೆನೋ ಇಲ್ಲವೋ ಅನ್ನುವುದೇ ತಿಳಿಯುವುದಿಲ್ಲ.

ಕ್ಯಾಮೆರಾ ಕೊಟ್ಟವರು ಸೋದರಮಾವ. ದುಬೈನಿಂದ ಬರುವಾಗ ತಂದ ಪೆಂಟಾಕ್ಸ್ ಕೆ1000. ಅದರ ಎಲ್ಲ ಕೆಲಸವೂ ಕೈಯಲ್ಲೇ. ಶಟರ್ ವೇಗದ ಚಕ್ರ ತಿರುಗಿಸಬೇಕು, ಲೆನ್ಸಿನ ಬಳೆ ತಿರುಗಿಸಬೇಕು, ಪ್ರತಿ ಚಿತ್ರಕ್ಕೂ ಹೆಬ್ಬೆರಳಿನಿಂದ ಸನ್ನೆ ಎಳೆದು ರೀಲು ಮುಂದೆ ತಳ್ಳಬೇಕು. ಒಳಗಿನ ಬ್ಯಾಟರಿ ಬೆಳಕು ಅಳೆಯುವ ಮುಳ್ಳಿಗೆ ಮಾತ್ರ. ಮೈ ಪೂರ್ತಿ ಲೋಹ. ಚಳಿಯಲ್ಲಿ ಹಿಡಿದರೆ ಕೈಯ ಬಿಸಿಯನ್ನೆಲ್ಲ ಅದೇ ಕುಡಿದುಬಿಡುತ್ತಿತ್ತು. ನನಗೆ ಸಂಬಳ 650 ರೂಪಾಯಿ. ಪೂರ್ವ ಜರ್ಮನಿಯ ಓರ್ವೊ ಕಪ್ಪು-ಬಿಳುಪು ರೀಲಿಗೆ 28 ರೂಪಾಯಿ. ಮೂವತ್ತಾರು ಚಿತ್ರದಲ್ಲಿ ಒಂದು ಅಲುಗಾಡಿದರೂ ಮುಕ್ಕಾಲು ರೂಪಾಯಿ ಹೋಯಿತು ಅಂತ ಲೆಕ್ಕ ಹಾಕುತ್ತಿದ್ದ ಕಾಲ. ಒಂದೂಕಾಲು ರೂಪಾಯಿಗೆ ಜಯನಗರದಿಂದ ಬಿಟಿಎಸ್ ಬಸ್ಸು ಕೋನಪ್ಪನ ಅಗ್ರಹಾರದ ಹತ್ತಿರ ಇಳಿಸುತ್ತಿತ್ತು. ಏಳೂವರೆಯ ಪಾಳಿಗೆ ಆರಕ್ಕೇ ಬಂದು ಹೊಲದ ಬದುವಿನಲ್ಲಿ ನಿಂತರೆ ಟಿಟ್ಟಿಭ, ಕುಂಡೆಕುಸ್ಕ, ಕರೆಂಟು ಕಂಬದ ಮೇಲೆ ರಾಮದಾಸ ಹದ್ದು.

ಮೊದಲ ಕೈಗವಸು ದೊಡ್ಡಮ್ಮ ಹೆಣೆದುಕೊಟ್ಟದ್ದು. ಚಿಕ್ಕಪೇಟೆಯಲ್ಲಿ ಆರು ರೂಪಾಯಿಗೆ ಒಂದು ಉಂಡೆ ಉಣ್ಣೆ, ಕಡುನೀಲಿ ಬಣ್ಣ. ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಹೆಣಿಗೆ ಕಡ್ಡಿಯಲ್ಲಿ ನಾಲ್ಕು ಸಂಜೆಗೆ ಮುಗಿಸಿದರು. ಸಂದೂಕದಲ್ಲಿಟ್ಟು ತೆಗೆದದ್ದರಿಂದ ಅದಕ್ಕೆ ನುಸಿಗುಳಿಗೆಯ ವಾಸನೆ ಕೊನೆಯವರೆಗೂ ಹೋಗಲಿಲ್ಲ. ಬೆಚ್ಚಗಿತ್ತು, ಆದರೆ ದಪ್ಪ. ಶಟರ್ ಚಕ್ರದ ಮೇಲೆ ಉಣ್ಣೆ ಜಾರುತ್ತಿತ್ತು. ಬಲಗೈಯ ಹೆಬ್ಬೆರಳು, ತೋರುಬೆರಳುಗಳ ತುದಿಯನ್ನು ಕತ್ತರಿಸಿಬಿಡಿ ಅಂದೆ. ದೊಡ್ಡಮ್ಮ ನನ್ನನ್ನೇ ನೋಡಿದರು. “ಹೆಣೆದದ್ದನ್ನು ಕತ್ತರಿಸೋದು ಅಂದ್ರೇನೇ? ಎಳೆ ಬಿಚ್ಕೊಂಡು ಹೋಗತ್ತೆ” ಅಂದರು. ಆಮೇಲೆ ತಾವೇ ಕತ್ತರಿಸಿ, ಅಂಚಿಗೆ ಸುತ್ತಲೂ ಕಾಜಾ ಹೊಲಿಗೆ ಹಾಕಿದರು. ಬೇರೆ ಬೆರಳುಗಳನ್ನು ಹಾಗೇ ಬಿಟ್ಟರು. ಎಲ್ಲ ಬೆರಳಿನ ತುದಿಯನ್ನೂ ಕತ್ತರಿಸಿದ ಕೈಗವಸು ಈಗ ಅಂಗಡಿಯಲ್ಲಿ ಸಿಗುತ್ತದೆ. ಕ್ಯಾಮೆರಾ ಹಿಡಿಯುವವರಿಗೆ ಎರಡೇ ಸಾಕು ಅನ್ನುವುದು ನನಗೆ ಆಗಲೇ ಖಾತ್ರಿಯಾಗಿತ್ತು. ಕಿರುಬೆರಳಿಗೆ ಕೆಲಸವಿಲ್ಲ, ಅದನ್ನು ಯಾಕೆ ಚಳಿಗೆ ಒಡ್ಡಬೇಕು?

ನಮ್ಮ ಕಾರ್ಖಾನೆಯಲ್ಲಿ ಸರ್ಕಿಟ್ ಬೋರ್ಡಿಗೆ ಬಿಡಿಭಾಗ ಕೂರಿಸುವ ಸಾಲಿನಲ್ಲಿ ಇದ್ದವರೆಲ್ಲ ಬಹುಮಟ್ಟಿಗೆ ಹೆಣ್ಣುಮಕ್ಕಳೇ. ಬೆವರಿನ ಉಪ್ಪು, ಎಣ್ಣೆ ತಾಗಿದರೆ ಬೋರ್ಡಿಗೆ ತುಕ್ಕು ಹಿಡಿಯುತ್ತದೆ ಅಂತ ತೆಳುವಾದ ಬಿಳಿ ನೈಲಾನ್ ಕೈಗವಸು ಕೊಡುತ್ತಿದ್ದರು. ಕೆಲವು ಕೆಲಸಕ್ಕೆ ಬೆರಳ ತುದಿಗೆ ಮಾತ್ರ ಹಾಕುವ ರಬ್ಬರ್ ಟೋಪಿ. ಅಕ್ಕಿಕಾಳಿನಷ್ಟು ಸಣ್ಣ ರೆಸಿಸ್ಟರ್‌ನ ಕಾಲನ್ನು ಆ ಕೈಗವಸಿನಲ್ಲೇ ಹಿಡಿದು ತೂತಿಗೆ ಇಳಿಸುತ್ತಿದ್ದೆವು. ಇಷ್ಟು ಸೂಕ್ಷ್ಮ ಕೆಲಸ ಇದರಲ್ಲಿ ಆಗುವುದಾದರೆ ಶಟರ್ ಯಾಕಾಗಬಾರದು ಅಂತ ಒಂದು ದಿನ ಹೊಳೆಯಿತು. ಸ್ಟೋರಿನ ಮೇಲ್ವಿಚಾರಕರನ್ನು ಕೇಳಿದೆ. ಹೊಲಿಗೆ ಬಿಟ್ಟು ಬಿಸಾಡುವ ಜೋಡಿಗಳನ್ನು ಕೊಡಲು ಅವರು ಒಪ್ಪಿದರು. ಮನೆಗೆ ತಂದು ಹೊಲಿದುಕೊಂಡೆ. ಎಲ್ಲಕ್ಕಿಂತ ದೊಡ್ಡ ಅನುಕೂಲ ಅಳತೆಯದು. ಪೇಟೆಯಲ್ಲಿ ಸಿಗುತ್ತಿದ್ದ ಕೈಗವಸೆಲ್ಲ ಮೋಟಾರ್ ಸೈಕಲ್ ಓಡಿಸುವ ಗಂಡಸರ ಅಳತೆಯವು. ನನ್ನ ಬೆರಳಿನ ಮುಂದೆ ಅರ್ಧ ಅಂಗುಲ ಖಾಲಿ ತೂಗಾಡುತ್ತಿತ್ತು. ಆ ಖಾಲಿ ಅರ್ಧ ಅಂಗುಲವೇ ಚಕ್ರಕ್ಕೂ ಸನ್ನೆಗೂ ಸಿಕ್ಕಿಕೊಳ್ಳುವುದು. ಕಾರ್ಖಾನೆಯವು ಹೆಂಗಸರ ಕೈಗೆಂದೇ ಬಂದವು.

ಅದೇ ಸ್ಟೋರಿನಿಂದ ಇನ್ನೊಂದು ಸಾಮಾನೂ ಬಂತು. ಬಿಡಿಭಾಗಗಳ ಪೊಟ್ಟಣದಲ್ಲಿ ಸಿಲಿಕಾ ಜೆಲ್‌ನ ಪುಟ್ಟ ಚೀಲಗಳಿರುತ್ತಿದ್ದವು. ನೀಲಿ ಹರಳು ತೇವ ಹೀರಿದಾಗ ಗುಲಾಬಿ ಬಣ್ಣಕ್ಕೆ ತಿರುಗುತ್ತಿತ್ತು. ಎಲ್ಲರೂ ಎಸೆಯುತ್ತಿದ್ದರು. ನಾನು ಕೂಡಿಹಾಕಿ, ಹರಳನ್ನಷ್ಟೇ ಒಂದು ಹಳೆಯ ಬಾಣಲೆಗೆ ಸುರಿದು ಅಗ್ಗಿಷ್ಟಿಕೆಯ ಹದ ಕೆಂಡದ ಮೇಲೆ ಇಡುತ್ತಿದ್ದೆ. ಮತ್ತೆ ನೀಲಿಯಾದ ಮೇಲೆ ಬಟ್ಟೆಯ ಗಂಟು ಕಟ್ಟಿ ಕ್ಯಾಮೆರಾ ಚೀಲಕ್ಕೆ. ಆ ಬಾಣಲೆಯಲ್ಲಿ ಆಮೇಲೆ ಅಡುಗೆ ಮಾಡಲು ದೊಡ್ಡಮ್ಮ ಬಿಡಲಿಲ್ಲ, ಅದು ಸರಿಯೇ. ಒದ್ದೆ ಕೈಗವಸನ್ನು ಮಾತ್ರ ಆ ಚೀಲಕ್ಕೆ ಯಾವತ್ತೂ ಸೇರಿಸಬಾರದು. ಎಷ್ಟೋ ಜನ ಮಳೆಯಲ್ಲಿ ಲೆನ್ಸನ್ನು ಜೋಪಾನ ಮಾಡಿ, ಮನೆಗೆ ಹೋಗುವಾಗ ತೊಯ್ದ ಕೈಗವಸನ್ನು ಅದರ ಪಕ್ಕದಲ್ಲೇ ತುರುಕುತ್ತಾರೆ. ಬೂಷ್ಟು ಹಿಡಿಯುವುದು ಅಲ್ಲಿಂದಲೇ.

ಮದುವೆಯಾಗಿ ಕೊಪ್ಪದ ಕಡೆ ಸಂಬಂಧ ಬೆಳೆದ ಮೇಲೆ ನನಗೆ ನಿಜವಾದ ಮಳೆ ಅಂದರೇನು ಅಂತ ತಿಳಿಯಿತು. ಅಲ್ಲಿಂದ ಆಗುಂಬೆ ದೂರವಿಲ್ಲ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮೇಲೆ ಮಳೆ ಬೀಳುವ ಊರು ಅದು. ಆಷಾಢದಲ್ಲಿ ರಜೆ ಹಾಕಿ ಹೋಗುತ್ತಿದ್ದೆ, ಗದ್ದೆ ನೆಟ್ಟಿಯ ಚಿತ್ರ ತೆಗೆಯಲು. ಗೊರಬು ಹೊತ್ತು ಬಾಗಿದ ಹೆಂಗಸರು, ಹಿಂದೆ ಹೊಗೆಯಂಥ ಮಳೆ. ಎಲೆಕ್ಟ್ರಾನಿಕ್ ಸಿಟಿಯ ಸೋನೆಯಲ್ಲಿ ಚೆನ್ನಾಗಿ ನಡೆದ ನೈಲಾನ್ ಕೈಗವಸು ಅಲ್ಲಿ ಹತ್ತು ನಿಮಿಷಕ್ಕೆ ತೊಪ್ಪೆಯಾಯಿತು. ನೀರು ಗಾಳಿಗಿಂತ ಇಪ್ಪತ್ತಕ್ಕೂ ಹೆಚ್ಚು ಪಟ್ಟು ಬೇಗ ಮೈಯ ಬಿಸಿ ಎಳೆದುಕೊಳ್ಳುತ್ತದೆ. ಒದ್ದೆ ಬಟ್ಟೆ ಕೈಗೆ ಅಂಟಿಕೊಂಡರೆ ಬರಿಗೈಗಿಂತ ಕಡೆ. ಅತ್ತೆ ಅದನ್ನು ಒಂದೇ ಮಾತಿನಲ್ಲಿ ಹೇಳಿದರು: “ಉಣ್ಣೆ ಒದ್ದೆಯಾದ್ರೆ ಹಿಂಡಿ ಮತ್ತೆ ಹಾಕ್ಕೊ ಮಾರಾಯ್ತಿ. ಹತ್ತಿ ಒದ್ದೆಯಾದ್ರೆ ತೆಗೆದು ಒಗಿ.” ಉಣ್ಣೆಯ ಎಳೆ ತನ್ನ ತೂಕದ ಮೂರನೇ ಒಂದು ಭಾಗದ ಹತ್ತಿರದಷ್ಟು ತೇವವನ್ನು ಒಳಗೆಳೆದುಕೊಂಡೂ ಮೈಗೆ ತಣ್ಣಗಾಗಿ ತಾಗುವುದಿಲ್ಲ ಅನ್ನುವುದನ್ನು ನಾನು ಓದಿದ್ದು ಎಷ್ಟೋ ವರ್ಷದ ಮೇಲೆ.

ಉಪಾಯ ಸಿಕ್ಕಿದ್ದೂ ಅವರ ಮನೆಯ ನಾಗಂದಿಗೆಯ ಮೇಲೆ. ಅಲ್ಲೊಂದು ಹಳೆಯ ಕರಿ ಕಂಬಳಿ ಇತ್ತು, ಚಳ್ಳಕೆರೆ ಕಡೆಯದು. ಕುರುಬರು ನೂಲಿಗೆ ಹುಣಸೆ ಬೀಜದ ಗಂಜಿ ಹಚ್ಚಿ ನೇಯ್ದ ಕಂಬಳಿ. ಮಳೆ ಹನಿ ಅದರ ಮೇಲೆ ಮುತ್ತಿನಂತೆ ನಿಂತು ಜಾರಿಹೋಗುತ್ತಿತ್ತು. ಅಂಚು ಸವೆದು ಕೊಪ್ಪೆ ಹಾಕಲು ಬಾರದ್ದಾಗಿತ್ತು. ಅತ್ತೆಯನ್ನು ಕೇಳಿ ಅದರಿಂದ ಎರಡು ಚೀಲ ಕತ್ತರಿಸಿದೆ. ಬೆರಳಿಲ್ಲದ ಚೀಲ, ಹೆಬ್ಬೆರಳಿಗೆ ಮಾತ್ರ ಬೇರೆ ಗೂಡು, ಅಂಗೈ ಬಳಿ ಅಡ್ಡ ಸೀಳು. ಒಳಗೆ ಕಾರ್ಖಾನೆಯ ತೆಳು ಕೈಗವಸು, ಮೇಲೆ ಕಂಬಳಿ ಚೀಲ. ಕಾಯುವಾಗ ನಾಲ್ಕು ಬೆರಳೂ ಒಟ್ಟಿಗೆ ಚೀಲದೊಳಗೆ ಒಂದನ್ನೊಂದು ಬೆಚ್ಚಗಿಡುತ್ತವೆ. ಚಿತ್ರ ತೆಗೆಯುವ ಕ್ಷಣಕ್ಕೆ ಸೀಳಿನಿಂದ ಬೆರಳು ಹೊರಗೆ ಹಾಕಿದರೆ ಆಯಿತು. ಚೀಲ ಎರಡೂ ಮಣಿಕಟ್ಟಿನಿಂದ ದಾರದಲ್ಲಿ ನೇತಾಡುತ್ತಿದ್ದವು, ಕೆಸರಿಗೆ ಬೀಳದಂತೆ. ಅವನ್ನು ಹಾಕಿಕೊಂಡು ಗದ್ದೆಬದುವಿನಲ್ಲಿ ಹೋಗುವಾಗ ನೆಟ್ಟಿಯವರು ನಗುತ್ತಿದ್ದರು, ನನಗೂ ನಗು ಬರುತ್ತಿತ್ತು. ಆದರೆ ಆ ವರ್ಷದ ನೆಗೆಟಿವ್‌ಗಳು ಇವತ್ತಿಗೂ ಚೂಪಾಗಿವೆ.

ಇಂಬಳಕ್ಕೆಂದು ಕಾಲಿಗೆ ಹೊಗೆಸೊಪ್ಪು ಸುಣ್ಣ ಹಚ್ಚುತ್ತಿದ್ದೆವು. ಅದನ್ನು ಹಚ್ಚಿದ ಕೈಗೇ ಕೈಗವಸು ಹಾಕಿದರೆ ಸುಣ್ಣ ಲೆನ್ಸಿಗೆ ತಾಗುತ್ತದೆ. ಹಾಗಾಗಿ ಕಾಲಿನ ಕೆಲಸ ಎಡಗೈಯಲ್ಲಿ, ಲೆನ್ಸಿನ ಕೆಲಸ ಬಲಗೈಯಲ್ಲಿ. ರೀಲು ತುಂಬುವುದಕ್ಕೆ ಮಾತ್ರ ಯಾವ ಕೈಗವಸೂ ಆಗುತ್ತಿರಲಿಲ್ಲ. ಫಿಲ್ಮಿನ ನಾಲಗೆಯನ್ನು ಉರುಳೆಯ ಸೀಳಿಗೆ ಸಿಕ್ಕಿಸಲು ಬರಿ ಬೆರಳೇ ಬೇಕು, ಅದೂ ಒಣಗಿರಬೇಕು. ಅದಕ್ಕೆಂದೇ ಒಂದು ಚೌಕ ಪಂಚೆ ತುಂಡನ್ನು ರವಿಕೆಯೊಳಗೆ ಇಟ್ಟುಕೊಂಡಿರುತ್ತಿದ್ದೆ. ಸಂಜೆ ಎಲ್ಲವನ್ನೂ ಬಚ್ಚಲೊಲೆಯ ಮೇಲಿನ ಹಗ್ಗಕ್ಕೆ. ಹಂಡೆಯ ಹಬೆ, ಅಡಿಕೆ ಸಿಪ್ಪೆಯ ಹೊಗೆ, ಬೆಚ್ಚಗಾದ ಕಂಬಳಿಯ ಕುರಿ ವಾಸನೆ. ಯಜಮಾನರು ತಮ್ಮ ಚರ್ಮದ ಕೈಗವಸನ್ನೂ ಅಲ್ಲೇ ನೇತುಹಾಕಿ, ಬೆಳಿಗ್ಗೆ ನೋಡಿದರೆ ಅದು ಹಪ್ಪಳದ ಹಾಗೆ ಸೆಟೆದಿತ್ತು. ಚರ್ಮವನ್ನು ನೆರಳಲ್ಲೇ, ನಿಧಾನಕ್ಕೇ ಒಣಗಿಸಬೇಕು. ಮಳೆಗಾಲಕ್ಕೆ ಚರ್ಮ ತರಲೇಬೇಡಿ ಅಂತ ನಾನು ಕೇಳಿದವರಿಗೆಲ್ಲ ಹೇಳುತ್ತೇನೆ.

ಆ ದಿನಗಳಲ್ಲಿ ಬೆಂಗಳೂರಿನಲ್ಲಿ ಕೇಳಿ ಕಲಿಯಲು ಜನ ಇದ್ದರು. 1971ರಲ್ಲಿ ಶುರುವಾದ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಇತ್ತು. ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅವರ ಕಾಡಿನ ಚಿತ್ರಗಳನ್ನು ಪ್ರದರ್ಶನದಲ್ಲಿ ಬಿಟ್ಟಕಣ್ಣು ಬಿಟ್ಟಂತೆ ನೋಡಿ ಬರುತ್ತಿದ್ದೆ. ಕ್ಯಾಮೆರಾ, ಲೆನ್ಸು, ರೀಲಿನ ಬಗ್ಗೆ ಎಲ್ಲರೂ ಗಂಟೆಗಟ್ಟಲೆ ಮಾತಾಡುತ್ತಿದ್ದರು. ಕೈಗವಸಿನ ಬಗ್ಗೆ ಯಾರೂ ಆಡಿದ್ದು ನೆನಪಿಲ್ಲ. ಆದರೆ ಹಕ್ಕಿ ಬರುವವರೆಗೆ ಕೈ ಬೆಚ್ಚಗಿದ್ದವರಿಗೇ ಚಿತ್ರ ಸಿಗುತ್ತಿದ್ದದ್ದು.

ತೊಂಬತ್ತರ ದಶಕದಲ್ಲಿ ನಮ್ಮ ಸುತ್ತ ದೊಡ್ಡ ಆವರಣಗಳು ಎದ್ದವು, ರಾಗಿ ಹೊಲಗಳು ಹೋದವು. 2010ರಲ್ಲಿ ಸಿಲ್ಕ್ ಬೋರ್ಡಿನಿಂದ ಮೇಲ್ಸೇತುವೆ ಬಂತು. 2025ರ ಆಗಸ್ಟ್ 10ರಂದು ಹಳದಿ ಮೆಟ್ರೋ, ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ 60 ರೂಪಾಯಿ. ಹೋದದ್ದಕ್ಕೆ ನಾನು ಕೊರಗುವುದಿಲ್ಲ. ಆ ಕಾರ್ಖಾನೆಯ ಸಂಬಳದಲ್ಲೇ ನನ್ನ ಮಕ್ಕಳು ಓದಿದರು. ಕಾರ್ಖಾನೆಯ ಕೈಗವಸೂ ಬದಲಾಯಿತು. ಬೆರಳ ತುದಿಗೆ ಪಾಲಿಯುರಿಥೇನ್ ಲೇಪ ಹಚ್ಚಿದ ಬೂದು ಬಣ್ಣದವು ಬಂದವು. ಕೆಲವದರಲ್ಲಿ ಸ್ಥಾಯಿ ವಿದ್ಯುತ್ ಹರಿದುಹೋಗಲು ಕಾರ್ಬನ್ ಎಳೆ. ಹಳೆಯ ನೈಲಾನು ಜಾರುತ್ತಿತ್ತು, ಇವು ಹಿಡಿದುಕೊಳ್ಳುತ್ತವೆ.

ಮೊನ್ನೆ ಮೊಮ್ಮಗಳು ಮಿರರ್‌ಲೆಸ್ ಕ್ಯಾಮೆರಾ ಕೊಂಡಳು. ಡಿಸೆಂಬರಿನಲ್ಲಿ ಮುಳ್ಳಯ್ಯನಗಿರಿಗೆ ಹೋಗುವವಳಿದ್ದಳು; 1,930 ಮೀಟರ್ ಎತ್ತರ, ಬೆಳಗಿನ ಮಂಜು, ಗಾಳಿ. ಸರ್ಜಾಪುರ ರಸ್ತೆಯ ದೊಡ್ಡ ಕ್ರೀಡಾ ಅಂಗಡಿಗೆ ಕರೆದುಕೊಂಡು ಹೋದಳು. ಒಂದು ಗೋಡೆ ಪೂರ್ತಿ ಕೈಗವಸು. ನೀರು ಒಳಬಿಡದ್ದು, ಗಾಳಿ ತಡೆಯುವುದು, ಫೋನಿನ ಪರದೆ ಮುಟ್ಟಲು ತುದಿಗೆ ವಿದ್ಯುತ್ ಹರಿಯುವ ನೂಲು ಹಾಕಿದ್ದು. ನನ್ನ ಕಂಬಳಿ ಚೀಲದ ತಮ್ಮನೂ ಅಲ್ಲಿದ್ದ, ಮಡಚುವ ಟೋಪಿಯ ಜೊತೆ, ಸಾವಿರದ ಇನ್ನೂರು ರೂಪಾಯಿಗೆ. ಅವಳು ಎಲ್ಲಕ್ಕಿಂತ ದಪ್ಪನೆಯದನ್ನು ತೆಗೆದುಕೊಂಡಳು. “ಕ್ಯಾಮೆರಾ ತೆಗಿ, ಅದನ್ನು ಹಾಕ್ಕೊಂಡೇ ಫೋಕಸ್ ಬಿಂದು ಜರುಗಿಸು” ಅಂದೆ. ಕಡಲೆಕಾಳಿನಷ್ಟು ಗುಂಡಿ, ಒಂದನ್ನು ಒತ್ತಿದರೆ ಮೂರು ಒತ್ತುತ್ತಿತ್ತು. ನನ್ನ ಪೆಂಟಾಕ್ಸ್‌ನ ಚಕ್ರ ದೊಡ್ಡದು, ದಪ್ಪ ಕೈಗವಸಿಗೂ ಸ್ವಲ್ಪ ಜಗ್ಗುತ್ತಿತ್ತು. ಈಗಿನ ಕ್ಯಾಮೆರಾಗೆ ಇನ್ನೂ ತೆಳುವಾದದ್ದೇ ಬೇಕು.

“ಅಜ್ಜಿ, ಹಾಗಾದ್ರೆ ಚಳಿಗೆ?” ಅಂದಳು. ಎರಡು ಪದರ, ಅಂದೆ. ಒಳಗಿನದು ಬಿಗಿಯಾಗಿ ಕೂರಬೇಕು, ಆದರೆ ಮುಷ್ಟಿ ಕಟ್ಟಿದರೆ ರಕ್ತ ತಡೆಯುವಷ್ಟು ಬಿಗಿ ಆಗಬಾರದು. ಬಿಗಿ ಕೈಗವಸಿನೊಳಗೆ ಬೆರಳು ಇನ್ನೂ ಬೇಗ ತಣ್ಣಗಾಗುತ್ತದೆ. ಹೊರಗಿನದು ದೊಗಲೆ, ಮಳೆ ತಡೆಯುವಂಥದ್ದು, ಅದರ ಮಣಿಕಟ್ಟು ಜರ್ಕಿನ್ನಿನ ತೋಳಿನ ಒಳಗೆ ಹೋಗಬೇಕು. ಇಲ್ಲದಿದ್ದರೆ ತೋಳಿನಿಂದ ಇಳಿದ ನೀರೆಲ್ಲ ಕೈಗವಸಿಗೇ. ಕೈ ಮೇಲೆತ್ತಿ ಚಿತ್ರ ತೆಗೆಯುವುದೇ ಹೆಚ್ಚಾದರೆ ತೋಳಿನ ಮೇಲೆ ಬರಬೇಕು, ಇಲ್ಲದಿದ್ದರೆ ನೀರು ಮೊಣಕೈವರೆಗೆ ಹರಿಯುತ್ತದೆ. ವೆಲ್ಕ್ರೋ ಪಟ್ಟಿ ಇರುವುದು ಬೇಡ, ಅದರ ಪರ್ರ್ ಅನ್ನುವ ಸದ್ದಿಗೆ ಹಕ್ಕಿ ಹಾರಿಹೋಗುತ್ತದೆ. ಕಿತ್ತಳೆ, ಹಳದಿ ಬಣ್ಣ ಬೇಡ. ಪೂರ್ತಿ ನೀರುನಿರೋಧಕ ಅಂತ ಬರೆದದ್ದನ್ನು ನಾನು ಅಷ್ಟಾಗಿ ನೆಚ್ಚುವುದಿಲ್ಲ; ಹೊರಗಿನ ನೀರು ಬರದಿದ್ದರೂ ಗುಡ್ಡ ಹತ್ತುವಾಗಿನ ಬೆವರು ಒಳಗೇ ಉಳಿಯುತ್ತದೆ. ಅದಕ್ಕೆ ಒಣ ಜೋಡಿ ಇನ್ನೊಂದು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಎದೆಯ ಹತ್ತಿರದ ಜೇಬಿನಲ್ಲಿ.

ಹೊರಗಿನದನ್ನು ಅಲ್ಲಿ ಕೊಂಡೆವು. ಒಳಗಿನದಕ್ಕೆ ಅವಳನ್ನು ಬೊಮ್ಮಸಂದ್ರದ ಕೈಗಾರಿಕಾ ಸಾಮಾನಿನ ಅಂಗಡಿಗೆ ಕರೆದುಕೊಂಡು ಹೋದೆ. ಹೆಲ್ಮೆಟ್ಟು, ಗಂಬೂಟುಗಳ ನಡುವೆ ಲೇಪದ ಕೈಗವಸಿನ ಕಟ್ಟುಗಳು. ಊಟ ತಲುಪಿಸುವ ಇಬ್ಬರು ಹುಡುಗರು ಮೊದಲೇ ಅಲ್ಲಿ ನಿಂತಿದ್ದರು, ಹೊರಗೆ ಜಡಿ ಹಿಡಿದಿತ್ತು. ಮಳೆಯಲ್ಲಿ ಬೈಕು ಹಿಡಿಯಬೇಕು, ದಾರಿ ನೋಡಲು ಫೋನೂ ಮುಟ್ಟಬೇಕು. ಅವರಿಗೆ ಬೇಕಾದದ್ದೂ ನಮಗೆ ಬೇಕಾದದ್ದೇ. ಒಬ್ಬ ಹುಡುಗ ಒಂದು ಜೋಡಿ ಹಾಕಿಕೊಂಡು ಪರದೆ ಉಜ್ಜಿ ನೋಡಿ, ಆಗಲಿಲ್ಲ ಅಂತ ತೆಗೆದಿಟ್ಟ. ಕಾರ್ಬನ್ ಎಳೆ ಇರುವುದನ್ನು ಕೊಡಿ ಅಂತ ಅಂಗಡಿಯವರಿಗೆ ನಾನೇ ಹೇಳಿದೆ. ಅದರಲ್ಲಿ ಪರದೆ ಜರುಗಿತು. ಜೋಡಿಗೆ 60 ರೂಪಾಯಿ. ಅವನು ಎರಡು ಜೋಡಿ ತೆಗೆದುಕೊಂಡ. ಮೊಮ್ಮಗಳಿಗೆ ನಾಲ್ಕು ಕೊಡಿಸಿದೆ, ಹೆಂಗಸರ ಸಾಲಿಗೆ ಬರುವ ಸಣ್ಣ ಅಳತೆಯದು. ನನಗೂ ಅದೇ ಅಳತೆಯಲ್ಲಿ ಎರಡು.