ಬೊನೇರ್: ದಡದಿಂದಲೇ ಇಳಿಯುವ ಕಡಲು

ಬೊನೇರ್ ಕೆರಿಬಿಯನ್ ಕಡಲಿನ ಒಂದು ಪುಟ್ಟ ದ್ವೀಪ. ವೆನೆಜುವೆಲಾದ ಕರಾವಳಿಯಿಂದ ಉತ್ತರಕ್ಕೆ ಸುಮಾರು 80 ಕಿ.ಮೀ., ವಿಸ್ತೀರ್ಣ 288 ಚದರ ಕಿ.ಮೀ., ಜನಸಂಖ್ಯೆ ಇಪ್ಪತ್ತು ಸಾವಿರಕ್ಕೂ ಹೆಚ್ಚು. 2010ರಿಂದ ನೆದರ್ಲೆಂಡ್ಸ್‌ನ ಆಡಳಿತಕ್ಕೆ ನೇರವಾಗಿ ಸೇರಿದ್ದರೂ ಊರಿನ ಮನೆಮಾತು ಪಾಪಿಯಮೆಂಟು. ಒಂಟಾರಿಯೊದ ತಣ್ಣನೆಯ ಸರೋವರಗಳಲ್ಲಿ, ನೀರು ತುಂಬಿದ ಹಳೆಯ ಕಲ್ಲುಗಣಿಗಳಲ್ಲಿ ದಪ್ಪ ಸೂಟು ತೊಟ್ಟು ಮುಳುಗು ಕಲಿತ ಮಿಸಿಸಾಗದವರಿಗೆ 26–29 ಡಿಗ್ರಿಯ ಇಲ್ಲಿನ ನೀರೇ ದೊಡ್ಡ ಸುಖ. ಪಿಯರ್ಸನ್ ವಿಮಾನ ನಿಲ್ದಾಣ ಅವರ ಊರಲ್ಲೇ ಇರುವುದರಿಂದ ಚಳಿಗಾಲದಲ್ಲಿ ಹೊರಡುವುದೂ ಸಲೀಸು.

ನಮ್ಮ ಕರ್ನಾಟಕದಲ್ಲಾದರೆ ಡೈವಿಂಗ್‌ಗೆಂದು ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಲು ದೋಣಿ ಬೇಕು. ಅಲ್ಲಿ ಜನವಸತಿಯಿಲ್ಲ, ಮಳೆಗಾಲದಲ್ಲಿ ಡೈವಿಂಗ್ ನಡೆಯುವುದಿಲ್ಲ. ಬೊನೇರ್‌ನಲ್ಲಿ ದೋಣಿಯ ಹಂಗಿಲ್ಲ. ಗಾಳಿ ವರ್ಷದ ಬಹುಪಾಲು ಪೂರ್ವದಿಂದ ಬೀಸುವುದರಿಂದ ದ್ವೀಪದ ಮೈಯೇ ಅಡ್ಡವಾಗಿ ನಿಂತು ಪಶ್ಚಿಮದ ದಡವನ್ನು ಶಾಂತವಾಗಿ ಇಡುತ್ತದೆ. ಹವಳದ ದಿಬ್ಬ ಆ ದಡಕ್ಕೆ ಹತ್ತಿರದಲ್ಲೇ ಶುರುವಾಗುತ್ತದೆ. ಬಾಡಿಗೆ ಪಿಕಪ್ ಟ್ರಕ್ಕಿನಲ್ಲಿ ಟ್ಯಾಂಕ್ ಹೇರಿಕೊಂಡು ರಸ್ತೆಯಂಚಿನ ಹಳದಿ ಕಲ್ಲಿನ ಮೇಲೆ ಜಾಗದ ಹೆಸರು ಓದಿ, ಅಲ್ಲೇ ನಿಲ್ಲಿಸಿ ನೀರಿಗಿಳಿದರಾಯಿತು. ‘ಸಾವಿರ ಮೆಟ್ಟಿಲು’ ಎಂಬ ತಾಣದಲ್ಲಿ ಇರುವ ಮೆಟ್ಟಿಲು ನೂರೂ ಇಲ್ಲ. ಆದರೆ ಟ್ಯಾಂಕ್ ಹೊತ್ತು ಮೇಲೆ ಬರುವಾಗ ಚಾಮುಂಡಿ ಬೆಟ್ಟ ಹತ್ತಿದಷ್ಟೇ ಏದುಸಿರು.

ಸ್ನಾರ್ಕೆಲಿಂಗ್ ಎಂದರೆ ಡೈವಿಂಗ್ ಬಾರದವರ ಸಮಾಧಾನ ಎಂದುಕೊಳ್ಳುವುದು ತಪ್ಪು. ಬಣ್ಣ ಹೆಚ್ಚು ತೆರೆದುಕೊಳ್ಳುವುದು ಮೇಲಿನ ಕೆಲವು ಮೀಟರುಗಳಲ್ಲೇ. ಆಳಕ್ಕೆ ಹೋದಂತೆ ನೀರು ಮೊದಲು ಕೆಂಪನ್ನು ನುಂಗುತ್ತದೆ. ಮುಖ ಕೆಳಗಿಟ್ಟು ಅಲುಗಾಡದೆ ತೇಲಿದರೆ ಕಿವಿಗೆ ಕಟಕಟ ಸದ್ದು ಬೀಳುತ್ತದೆ: ಗಿಳಿಮೀನು ಕೊಕ್ಕಿನಂಥ ಹಲ್ಲಿನಿಂದ ಬಂಡೆಯ ಪಾಚಿ ಕೆರೆಯುತ್ತಿರುತ್ತದೆ. ಜೊತೆಗೆ ಹೊಟ್ಟೆ ಸೇರಿದ ಸುಣ್ಣದ ಚೂರು ಅರೆದು ಪುಡಿಯಾಗಿ, ಸ್ವಲ್ಪ ಹೊತ್ತಿಗೆ ಅದರ ಹಿಂದೆ ಬಿಳಿ ಮರಳಿನ ಎಳೆಯಾಗಿ ಇಳಿಯುತ್ತದೆ. ಇನ್ನೂ ಕೆಳಗೆ ಹೋಗುವವರು ಮೂಗು ಹಿಡಿದು ಮೆಲ್ಲನೆ ಉಸಿರು ಒತ್ತಿ ಕಿವಿ ಬಿಡಿಸಿಕೊಳ್ಳುತ್ತ ಹೋಗಬೇಕು. ಹತ್ತು ಮೀಟರಿಗೇ ಒತ್ತಡ ಇಮ್ಮಡಿಯಾಗಿರುತ್ತದೆ.

ಈ ಹವಳ ತಾನಾಗಿ ಉಳಿದದ್ದಲ್ಲ. 1962ರಲ್ಲಿ ಇಲ್ಲಿಗೆ ಬಂದು ನೆಲೆಸಿದ ‘ಕ್ಯಾಪ್ಟನ್ ಡಾನ್’ ಸ್ಟೀವರ್ಟ್ ಡೈವಿಂಗ್ ಬೆಳೆಸಿದರು, ಹವಳದ ಪರವಾಗಿಯೂ ಹೋರಾಡಿದರು. 1971ರಲ್ಲಿ ಈಟಿಯಿಂದ ಮೀನು ಹೊಡೆಯುವುದು ನಿಂತಿತು. 1979ರಲ್ಲಿ ಸ್ಥಾಪನೆಯಾದ ಸಾಗರ ಉದ್ಯಾನ ದ್ವೀಪದ ಸುತ್ತಲ ನೀರನ್ನು 60 ಮೀಟರ್ ಆಳದವರೆಗೆ ಕಾಯುತ್ತದೆ. ಹವಳದ ಮೇಲೆ ಲಂಗರು ಹಾಕುವಂತಿಲ್ಲ. ಕೈಗವಸು ನಿಷಿದ್ಧ, ಬರಿಗೈಯವರು ಹವಳ ಹಿಡಿಯಲು ಹಿಂಜರಿಯುತ್ತಾರೆ ಎಂಬ ಕಾರಣಕ್ಕೆ. ಹೊಸದಾಗಿ ಬಂದ ಡೈವರ್‌ಗೆ ಮೊದಲು ಪರಿಚಯದ ಮುಳುಗು ಕಡ್ಡಾಯ. ಇಷ್ಟು ಕಟ್ಟುನಿಟ್ಟಿದ್ದೂ 2023ರಲ್ಲಿ ಹವಳದ ಅಂಗಾಂಶ ನಶಿಸುವ ರೋಗ ಇಲ್ಲಿಗೂ ಬಂತು. ಒಂದೆಡೆ ಮುಳುಗಿದ ಸಲಕರಣೆಯನ್ನು ಸೋಂಕುನಿವಾರಕದಲ್ಲಿ ಅದ್ದಿ ಮುಂದಿನ ತಾಣಕ್ಕೆ ಹೋಗುವುದು ಒಳ್ಳೆಯದು. ಇದರಲ್ಲಿ ಸೋಮಾರಿತನ ಸಲ್ಲದು.

ಹಲವು ದಿನ ಮುಳುಗಿದವರು ವಿಮಾನ ಹತ್ತುವ ಮುನ್ನ ಕನಿಷ್ಠ 18 ಗಂಟೆ ಬಿಡುವು ಕೊಡಬೇಕು. ದೇಹದಲ್ಲಿ ಕರಗಿದ ನೈಟ್ರೋಜನ್ ಕಡಿಮೆ ಒತ್ತಡದಲ್ಲಿ ಗುಳ್ಳೆಯಾದರೆ ಅಪಾಯ. ಕೊನೆಯ ದಿನವನ್ನು ಸ್ನಾರ್ಕೆಲಿಂಗ್‌ಗೆ ಮೀಸಲಿಡುವುದು ಉತ್ತಮ. ಮೇಲೆಯೇ ತೇಲುವವರಿಗೆ ಈ ಕಾಯುವಿಕೆ ಬೇಕಿಲ್ಲ.