ಬರಿಗಾಲಿನವರ ಒಲಿಂಪಿಕ್ಸ್

1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆಯ ಜೊತೆಗೆ ನಮ್ಮ ತುರ್ವಿಹಾಳವೂ ಹೈದರಾಬಾದ್ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಬಂತು. ಸರಿಯಾಗಿ ಒಂದು ತಿಂಗಳಿಗೆ, ಡಿಸೆಂಬರ್ 1ರಂದು, ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತದ ಫುಟ್‌ಬಾಲ್ ತಂಡ ಆಸ್ಟ್ರೇಲಿಯಾವನ್ನು ಅದರ ನೆಲದಲ್ಲೇ 4–2ರಿಂದ ಸೋಲಿಸಿ ಸೆಮಿಫೈನಲ್ ಸೇರಿತು. ಏಷ್ಯಾದ ಯಾವ ತಂಡವೂ ಅಲ್ಲಿಯವರೆಗೆ ಒಲಿಂಪಿಕ್ಸ್‌ನ ಸೆಮಿಫೈನಲ್ ಕಂಡಿರಲಿಲ್ಲ. ಆ ತಂಡದ ಕೋಚ್ ಸೈಯದ್ ಅಬ್ದುಲ್ ರಹೀಮ್ ನಾವು ಆಗಷ್ಟೇ ಬಿಟ್ಟುಬಂದ ಹೈದರಾಬಾದಿನವರು. ತಂಡದಲ್ಲಿದ್ದ ಕೆಂಪಯ್ಯ ನಾವು ಹೊಸದಾಗಿ ಸೇರಿಕೊಂಡ ಬೆಂಗಳೂರಿನವರು. ದೇಶದ ಫುಟ್‌ಬಾಲಿಗೆ ಕಲ್ಕತ್ತೆಯ ಜೊತೆ ಹೆಗಲು ಕೊಟ್ಟಿದ್ದ ಎರಡು ರಾಜಧಾನಿಗಳ ಕೆಳಗೂ ನಾವು ಬಾಳಿದ್ದೇವೆ. ಆದರೂ ಆ ಆಟ ನಮ್ಮೂರಲ್ಲಿ ಬೇರು ಬಿಡಲಿಲ್ಲ. ಬಂದಷ್ಟೂ ಈಗ ಹೋಗಿದೆ.

ನಮ್ಮದು ಕಬಡ್ಡಿಯ ಸೀಮೆ, ವಾಲಿಬಾಲಿನ ಸೀಮೆ. ಜಾತ್ರೆ ಬಂದರೆ ಗುಂಡು ಎತ್ತುವವರು, ಮೊಹರಂ ಬಂದರೆ ಅಲಾಯಿ ಕುಣಿ ಸುತ್ತ ಹೆಜ್ಜೆ ಹಾಕುವವರು. ಫುಟ್‌ಬಾಲ್ ನಮ್ಮಲ್ಲಿಗೆ ಬಂದದ್ದು ಒಬ್ಬ ಪಿ.ಟಿ. ಮಾಸ್ತರರ ಟ್ರಂಕಿನಲ್ಲಿ. ಹೈದರಾಬಾದಿನಲ್ಲಿ ತರಬೇತಿ ಮುಗಿಸಿ ಬಂದಿದ್ದ ಅವರು ಉರ್ದು ಬೆರೆತ ಕನ್ನಡದಲ್ಲಿ ಬೈಯುತ್ತಿದ್ದರು, ಅದರಲ್ಲೇ ಹೊಗಳುತ್ತಿದ್ದರು. ಅವರ ಚೆಂಡು ತೊಗಲಿನದು. ಪಟ್ಟಿ ಪಟ್ಟಿ ಸೇರಿಸಿ ಹೊಲಿದ ಆ ಚೆಂಡಿನ ಒಂದು ಕಡೆ ಸೀಳು, ಸೀಳಿನೊಳಗೆ ರಬ್ಬರಿನ ಬ್ಲಾಡರ್. ಸೈಕಲ್ ಪಂಪಿನಿಂದ ಗಾಳಿ ತುಂಬಿ, ಬ್ಲಾಡರಿನ ಮೂತಿಯನ್ನು ಮಡಚಿ ದಾರ ಸುತ್ತಿ ಒಳಗೆ ತುರುಕಿ, ಸೀಳಿಗೆ ಬೂಟಿನ ಲೇಸಿನಂಥ ತೊಗಲ ದಾರ ಎಳೆದು ಬಿಗಿಯಬೇಕು. ಆ ಗಂಟು ಹಣೆಗೆ ತಾಗಿದರೆ ಬರೆ ಏಳುತ್ತಿತ್ತು. ಹಾಗಾಗಿ ಮೇಲಿಂದ ಬಂದ ಚೆಂಡಿಗೆ ತಲೆ ಕೊಡುವ ಧೈರ್ಯ ಮಾಡಿದವನೇ ನಮ್ಮಲ್ಲಿ ಹೀರೋ. ಪಂಕ್ಚರ್ ಆದರೆ ಸೈಕಲ್ ಶಾಪಿನವನೇ ತೇಪೆ ಹಾಕಿಕೊಡುತ್ತಿದ್ದ. ಮಳೆಗಾಲದಲ್ಲಿ ಎರೆಮಣ್ಣು ಮೆತ್ತಿಕೊಂಡು ಚೆಂಡು ದುಪ್ಪಟ್ಟು ಭಾರ. ಬೇಸಿಗೆಯಲ್ಲಿ ಅದೇ ಎರೆ ಬಾಯಿಬಿಟ್ಟು ಬಿರುಕಿನಲ್ಲಿ ಚೆಂಡು ಸಿಕ್ಕಿಹಾಕಿಕೊಳ್ಳುತ್ತಿತ್ತು. ಬೂಟು ಯಾರಿಗಿತ್ತು? ಎಲ್ಲರೂ ಬರಿಗಾಲು.

ಬರಿಗಾಲಲ್ಲಿ ಆಡುತ್ತೇವೆಂದು ನಾವು ನಾಚಿಕೊಂಡ ದಿನ ಮಾಸ್ತರರು ಒಂದು ಮಾತು ಹೇಳಿದರು: “ನಾಚ್ಕಿ ಯಾಕ್ರೋ? ಹಿಂದುಸ್ತಾನ್ ಟೀಮು ಲಂಡನ್ನಿನ್ಯಾಗ ಬರಿಗಾಲಿಲೇ ಆಡೇತಿ.” ಆಗ ನಾವು ನಂಬಲಿಲ್ಲ. ಮಾತು ಮಾತ್ರ ದಿಟ.

1948ರ ಜುಲೈ 31. ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತ ತನ್ನ ಮೊದಲ ಫುಟ್‌ಬಾಲ್ ಪಂದ್ಯವನ್ನು ಫ್ರಾನ್ಸ್ ವಿರುದ್ಧ ಆಡಿತು. ಮೈದಾನ ಲಂಡನ್ನಿನ ಅಂಚಿನ ಇಲ್ಫರ್ಡ್‌ನಲ್ಲಿ, ನಾಯಕ ನಾಗಾ ಬೆಟ್ಟಗಳ ತಾಲಿಮೆರೆನ್ ಆವೊ. ನಮ್ಮವರಲ್ಲಿ ಹೆಚ್ಚಿನವರ ಕಾಲಿಗೆ ಬೂಟಿರಲಿಲ್ಲ. ಎರಡು ಪೆನಾಲ್ಟಿ ಸಿಕ್ಕರೂ ಎರಡೂ ಕೈತಪ್ಪಿದವು. ಒಂದು ಗೋಲು ಬಿಟ್ಟುಕೊಟ್ಟಿದ್ದ ತಂಡಕ್ಕೆ ಸಮ ಮಾಡಿಕೊಟ್ಟದ್ದು ಮೈಸೂರು ತಂಡದ ಆಟಗಾರ ಸಾರಂಗಪಾಣಿ ರಾಮನ್. ಪಂದ್ಯ ಮುಗಿಯಲು ನಿಮಿಷವಿರುವಾಗ ಫ್ರಾನ್ಸ್ ಮತ್ತೊಂದು ಗೋಲು ಹೊಡೆದು 2–1ರಿಂದ ಗೆದ್ದಿತು. ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ಭಾರತದ ಮೊದಲ ಗೋಲು ಹೀಗೆ ಮೈಸೂರಿನವರ ಕಾಲಿಂದ ಬಂತು. ಬೆಂಗಳೂರಿನ ಅಹ್ಮದ್ ಖಾನ್, ಧನರಾಜ್, ಗೋಲ್‌ಕೀಪರ್ ಕೆ.ವಿ. ವರದರಾಜ್ ಕೂಡ ಆ ತಂಡದ ಜೊತೆ ಲಂಡನ್ನಿಗೆ ಹೋಗಿದ್ದವರು.

ಆ ಜುಲೈನಲ್ಲಿ ತುರ್ವಿಹಾಳ ಇನ್ನೂ ಭಾರತದ ಒಳಗಿರಲಿಲ್ಲ. ನಿಜಾಮನ ಆಳ್ವಿಕೆ, ರಜಾಕಾರರ ಹಾವಳಿ, ರಾತ್ರಿ ಕಾವಲು. ಹೈದರಾಬಾದ್ ಭಾರತಕ್ಕೆ ಸೇರಿದ್ದು ಸೆಪ್ಟೆಂಬರ್ 17ಕ್ಕೆ. ಜೀವ ಉಳಿದರೆ ಸಾಕೆನ್ನುತ್ತಿದ್ದ ದಿನಗಳಲ್ಲಿ ಇಲ್ಫರ್ಡಿನ ಗೋಲಿನ ಸುದ್ದಿ ನಮ್ಮೂರಿಗೆ ಮುಟ್ಟುವ ದಾರಿಯೇ ಇರಲಿಲ್ಲ.

ಒಲಿಂಪಿಕ್ಸ್ ಫುಟ್‌ಬಾಲ್ ಆಗ ಹವ್ಯಾಸಿಗಳ ಪಂದ್ಯಾವಳಿ. 1930ರಲ್ಲಿ ವಿಶ್ವಕಪ್ ಶುರುವಾಗುವ ತನಕ ಜಗತ್ತಿನ ಅತಿ ದೊಡ್ಡ ಫುಟ್‌ಬಾಲ್ ಪಂದ್ಯಾವಳಿಯೂ ಅದೇ. 1924 ಮತ್ತು 1928ರಲ್ಲಿ ಅಲ್ಲಿ ಚಿನ್ನ ಗೆದ್ದ ಉರುಗ್ವೆಯೇ ಮೊದಲ ವಿಶ್ವಕಪ್ಪನ್ನೂ ಗೆದ್ದಿತು. ಆಡಿದ್ದಕ್ಕೆ ದುಡ್ಡು ತೆಗೆದುಕೊಂಡವನು ಹವ್ಯಾಸಿಯೋ ಅಲ್ಲವೋ ಎಂಬ ಜಗಳ ಹತ್ತಿ, 1932ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಫುಟ್‌ಬಾಲೇ ಇರಲಿಲ್ಲ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ದೊಡ್ಡ ದೇಶಗಳ ಹೆಸರಾಂತ ಆಟಗಾರರಲ್ಲಿ ಅನೇಕರು ವೃತ್ತಿಪರರಾಗಿ ಹೊರಗುಳಿದರು. ಅವರು ಬಿಟ್ಟ ಜಾಗದಲ್ಲಿ ಭಾರತದಂಥ ದೇಶಕ್ಕೆ ಕಾಲೂರಲು ಅವಕಾಶ ಸಿಕ್ಕಿತು. ಪೊಲೀಸ್ ಪೇದೆ, ರೈಲ್ವೆ ನೌಕರ, ಕಾರ್ಖಾನೆಯ ಕೆಲಸಗಾರ, ಇಂಥವರು ಒಲಿಂಪಿಕ್ಸ್ ಮೈದಾನಕ್ಕೆ ಇಳಿಯಬಹುದಾಗಿದ್ದ ಕಾಲ ಅದು.

ಆ ಬಾಗಿಲಿನೊಳಗೆ ಹೋದವರಲ್ಲಿ ಬೆಂಗಳೂರು ಮತ್ತು ಹೈದರಾಬಾದಿನವರ ಸಾಲು ದೊಡ್ಡದು. ಎರಡೂ ಕಡೆ ದಂಡು ಪ್ರದೇಶ, ಎರಡೂ ಕಡೆ ಬ್ರಿಟಿಷ್ ಪಲ್ಟನ್ನುಗಳ ಆಟ ನೋಡಿ ಕಲಿತ ಹುಡುಗರು. ಬೆಂಗಳೂರು ಮುಸ್ಲಿಮ್ಸ್ ತಂಡ 1937ರಲ್ಲಿ ಬೊಂಬಾಯಿಯ ರೋವರ್ಸ್ ಕಪ್ ಗೆದ್ದು, ಅದನ್ನು ಗೆದ್ದ ಮೊದಲ ಭಾರತೀಯ ತಂಡವಾಯಿತು. ಮರುವರ್ಷ ಮತ್ತೆ ಗೆದ್ದಿತು. 1950ರಿಂದ 1954ರವರೆಗೆ ಅದೇ ಕಪ್ಪು ಐದು ವರ್ಷ ಒಂದೇ ಸಮನೆ ಹೈದರಾಬಾದ್ ಸಿಟಿ ಪೊಲೀಸ್ ತಂಡದ ಪಾಲಾಯಿತು. ಅದನ್ನು ಕಟ್ಟಿದವರು ರಹೀಮ್ ಸಾಹೇಬರು. ಮೂಲತಃ ಅವರು ಶಾಲಾ ಮಾಸ್ತರರು. ಬಲಗಾಲಿನವನು ಎಡಗಾಲಲ್ಲೇ ಆಡಬೇಕೆಂಬ ನಿಯಮ ಹಾಕಿ ಪಂದ್ಯ ಆಡಿಸುತ್ತಿದ್ದರಂತೆ. ನಮ್ಮ ಪಿ.ಟಿ. ಮಾಸ್ತರರು ಶನಿವಾರಕ್ಕೊಮ್ಮೆ ನಮಗೆ ಅದನ್ನೇ ಮಾಡಿಸುತ್ತಿದ್ದರು. ಎಡಗಾಲಲ್ಲಿ ಒದೆಯಲು ಹೋಗಿ ನೆಲ ಒದ್ದು ಬಿದ್ದವನನ್ನು ಎಬ್ಬಿಸಿ, “ರಹೀಮ್ ಸಾಬ್ರು ಇದ್ದಿದ್ರ ಈಗ ನಿನಗ ಇನ್ನೊಂದ್ ಸಲ ಒದಿ ಅಂತಿದ್ರು” ಎನ್ನುತ್ತಿದ್ದರು. ನಮಗೆ ರಹೀಮ್ ಸಾಹೇಬರೆಂದರೆ ಯಾರೋ ದೂರದ ಹೆಡ್ ಮಾಸ್ತರರು ಅಷ್ಟೇ.

1952ರ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯಾ ನಮ್ಮನ್ನು 10–1ರಿಂದ ತುಳಿದುಹಾಕಿತು. ಆ ಒಂದು ಗೋಲು ಅಹ್ಮದ್ ಖಾನರದು. ಬರಿಗಾಲಿನ ಕಾಲ ಅಲ್ಲಿಗೆ ಮುಗಿಯಿತು. ಆಮೇಲೆ ಬೂಟು ಕಡ್ಡಾಯವಾಯಿತು. ನಾಲ್ಕು ವರ್ಷಗಳಲ್ಲಿ ಮೆಲ್ಬರ್ನ್. ಹಂಗರಿ ಹಿಂದೆ ಸರಿದದ್ದರಿಂದ ಭಾರತ ಮೊದಲ ಸುತ್ತು ಆಡದೆಯೇ ದಾಟಿತು. ಆಸ್ಟ್ರೇಲಿಯಾ ವಿರುದ್ಧ ನೆವಿಲ್ ಡಿಸೋಜ ಮೂರು ಗೋಲು ಹೊಡೆದರು. ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ಹ್ಯಾಟ್ರಿಕ್ ಹೊಡೆದ ಮೊದಲ ಏಷ್ಯಾದವರು ಅವರು. ಸೆಮಿಫೈನಲ್‌ನಲ್ಲಿ ಯುಗೊಸ್ಲಾವಿಯಾ ವಿರುದ್ಧ ಮೊದಲ ಗೋಲು ನಮ್ಮದೇ, ಆಮೇಲೆ 4–1ರ ಸೋಲು. ಕಂಚಿಗಾಗಿ ಬಲ್ಗೇರಿಯಾ ಜೊತೆ ಆಡಿ 3–0ರಿಂದ ಸೋತು ನಾಲ್ಕನೆಯ ಸ್ಥಾನ. ಹೈದರಾಬಾದಿನ ಅಜೀಜುದ್ದೀನ್, ನೂರ್ ಮೊಹಮ್ಮದ್, ತುಳಸಿದಾಸ್ ಬಲರಾಮ್ ಆ ತಂಡದಲ್ಲಿದ್ದರು. ನಾಲ್ಕು ವರ್ಷ ಬಿಟ್ಟು ರೋಮ್‌ನಲ್ಲಿ ಫ್ರಾನ್ಸ್ ಜೊತೆ 1–1ರ ಸಮ, ಹಂಗರಿಗೆ 2–1, ಪೆರುವಿಗೆ 3–1ರ ಸೋಲು. ಕೆಂಪಯ್ಯ ಅಲ್ಲಿಗೂ ಹೋಗಿದ್ದರು. ಭಾರತದ ಫುಟ್‌ಬಾಲ್ ತಂಡ ಒಲಿಂಪಿಕ್ಸ್ ಕಂಡದ್ದು ಅದೇ ಕೊನೆ. 1962ರಲ್ಲಿ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ದಕ್ಷಿಣ ಕೊರಿಯಾವನ್ನು ಸೋಲಿಸಿ ಚಿನ್ನ ತಂದ ರಹೀಮ್ ಸಾಹೇಬರು ಮರುವರ್ಷ ಕ್ಯಾನ್ಸರಿನಿಂದ ತೀರಿಕೊಂಡರು.

ಒಲಿಂಪಿಕ್ಸ್ ಪಂದ್ಯಾವಳಿಯೂ ಬದಲಾಗತೊಡಗಿತ್ತು. ಪೂರ್ವ ಯುರೋಪಿನ ದೇಶಗಳು ತಮ್ಮ ಆಟಗಾರರನ್ನು ಸೈನ್ಯದ, ಕಾರ್ಖಾನೆಯ ಪಟ್ಟಿಯಲ್ಲಿ ಬರೆದು, ಸಂಬಳ ಕೊಟ್ಟು, ವರ್ಷಪೂರ್ತಿ ಆಡಿಸಿ, ಹವ್ಯಾಸಿಗಳೆಂದು ಕಳಿಸುತ್ತಿದ್ದವು. 1952ರಿಂದ 1980ರವರೆಗಿನ ಎಲ್ಲ ಚಿನ್ನವೂ ಅವುಗಳ ಪಾಲೇ. ಫುಟ್‌ಬಾಲಿನ ತವರಾದ ಇಂಗ್ಲೆಂಡ್ 1974ರಲ್ಲಿ ಹವ್ಯಾಸಿ, ವೃತ್ತಿಪರ ಎಂಬ ವಿಂಗಡಣೆಯನ್ನೇ ಕೈಬಿಟ್ಟಿತು. 1984ರ ಹೊತ್ತಿಗೆ ಒಲಿಂಪಿಕ್ಸ್ ಬಾಗಿಲು ವೃತ್ತಿಪರರಿಗೆ ತೆರೆಯಿತು. 1992ರಿಂದ ಅದು 23 ವರ್ಷದೊಳಗಿನವರ ಆಟ. ಅಷ್ಟು ಸುಳ್ಳು ಹೊತ್ತ ನಿಯಮ ಹೋದದ್ದು ತಪ್ಪೆಂದು ನಾನು ಹೇಳಲಾರೆ. ಆಡಿದವನಿಗೆ ದುಡ್ಡು ಸಿಗಬಾರದೆಂದದ್ದು ಉಂಡು ತೇಗಿದವರ ನೀತಿ. ಹಸಿದ ಮನೆಯ ಹುಡುಗನಿಗೆ ಅದರಿಂದ ಅನ್ಯಾಯವೇ ಆಯಿತು. ನನ್ನ ಸಂಕಟ ಬೇರೆ. ದುಡ್ಡಿಲ್ಲದ ಆಟದ ಜೊತೆಗೆ ದುಡಿಯುವವನ ಆಟವೂ ಹೋಯಿತು.

ಬೆಂಗಳೂರಿನಲ್ಲಿ ಅದು ಹೋದದ್ದು ನಿಧಾನಕ್ಕೆ. ಐಟಿಐ, ಎಚ್‌ಎಎಲ್ ಕಾರ್ಖಾನೆಗಳ ತಂಡಗಳಲ್ಲಿ ಹಗಲು ಮಷೀನಿನ ಮುಂದೆ ನಿಂತವರೇ ಸಂಜೆ ಮೈದಾನದಲ್ಲಿ. 1977ರ ಮೊದಲ ಫೆಡರೇಷನ್ ಕಪ್ ಫೈನಲ್‌ನಲ್ಲಿ ಟೆಲಿಫೋನ್ ತಯಾರಿಸುತ್ತಿದ್ದ ಐಟಿಐ ತಂಡ ಮೋಹನ್ ಬಾಗಾನನ್ನೇ ಸೋಲಿಸಿತು. ಎಚ್‌ಎಎಲ್ 2012ರವರೆಗೆ ಐ-ಲೀಗ್‌ನಲ್ಲಿತ್ತು. 2013ರಲ್ಲಿ ಬೆಂಗಳೂರು ಎಫ್‌ಸಿ ಬಂತು, ಮೊದಲ ವರ್ಷವೇ ಐ-ಲೀಗ್ ಗೆದ್ದಿತು, ಕಂಠೀರವ ಕ್ರೀಡಾಂಗಣ ತುಂಬಿತು. 2023ರಲ್ಲಿ ಕರ್ನಾಟಕ 54 ವರ್ಷಗಳ ಬಳಿಕ ಸಂತೋಷ್ ಟ್ರೋಫಿಯನ್ನು, ಅದೂ ದೂರದ ರಿಯಾದ್‌ನಲ್ಲಿ, ಗೆದ್ದಾಗ ನಾನೂ ಫೋನಿನಲ್ಲಿ ನೋಡುತ್ತಾ ಕುಣಿದವನೇ. ಇದೆಲ್ಲ ಒಳ್ಳೆಯದೇ. ಆದರೆ ಆಟ ಈಗ ಅಕಾಡೆಮಿಯ ಗೇಟಿನಿಂದ ಶುರುವಾಗುತ್ತದೆ. ಹತ್ತು ವರ್ಷಕ್ಕೆ ಆ ಗೇಟು ದಾಟದವನು ಇಪ್ಪತ್ತಕ್ಕೆ ನೋಡುವವನಾಗುತ್ತಾನೆ.

ತುರ್ವಿಹಾಳದಿಂದ ಆ ಗೇಟು ತುಂಬ ದೂರ. ಮೊದಲೂ ದೂರವೇ ಇತ್ತು, ಆದರೆ ನಡುವೆ ಒಬ್ಬ ಮಾಸ್ತರರಿದ್ದರು. ಅವರು ನಿವೃತ್ತರಾದ ಮೇಲೆ ಚೆಂಡು ಶಾಲೆಯ ಅಲಮಾರಿ ಸೇರಿತು. ತೊಗಲು ಒಣಗಿ ಸೆಟೆದುಕೊಂಡಿತು. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ನಮ್ಮ ಸುತ್ತಲಿನ ಹೊಲಗಳು ಗದ್ದೆಗಳಾದವು. ಕಾಲುವೆ ಹೊಟ್ಟೆಗೆ ಅನ್ನ ಕೊಟ್ಟಿತು, ಅದನ್ನು ಬೈಯಲಾಗದು. ಎರಡು ಬೆಳೆಯ ಭತ್ತ ಬಂದಲ್ಲಿ ಬೀಳು ಬಿದ್ದ ಹೊಲ ಮಾತ್ರ ಇಲ್ಲ, ಆಡುವ ಹುಡುಗರಿಗೆ ಎಡೆಯಿಲ್ಲ. ಊರಂಚಿನ ಬಯಲುಗಳು ಪ್ಲಾಟುಗಳಾದವು. ಪಿ.ಟಿ. ಪೀರಿಯಡ್ಡಿನಲ್ಲಿ ಗಣಿತದ ಸಿಲಬಸ್ ಮುಗಿಸುತ್ತಾರೆ.

2021ರ ಆಗಸ್ಟ್‌ನಲ್ಲಿ ಕಲಬುರಗಿಯ ಆಸ್ಪತ್ರೆಯೊಂದರಲ್ಲಿ ಸೈಯದ್ ಶಾಹಿದ್ ಹಕೀಮ್ ತೀರಿಕೊಂಡರು. ರಹೀಮ್ ಸಾಹೇಬರ ಮಗ, ರೋಮ್ ತಂಡದಲ್ಲಿದ್ದವರು, ವಾಯುಪಡೆಯ ಅಧಿಕಾರಿ, ಅಂತರರಾಷ್ಟ್ರೀಯ ರೆಫರಿ. ಭಾರತದ ಕೊನೆಯ ಒಲಿಂಪಿಕ್ಸ್ ಫುಟ್‌ಬಾಲ್ ತಂಡದ ಒಬ್ಬರು ನಮ್ಮದೇ ಕಲ್ಯಾಣ ಕರ್ನಾಟಕದ ನೆಲದಲ್ಲಿ ಕಣ್ಣು ಮುಚ್ಚಿದ್ದು ನಮ್ಮ ಕಡೆ ಎಷ್ಟು ಜನಕ್ಕೆ ಗೊತ್ತಾಯಿತು? ಮೂರು ವರ್ಷದ ನಂತರ ರಹೀಮರ ಬದುಕಿನ ಮೇಲೆ ‘ಮೈದಾನ್’ ಎಂಬ ಹಿಂದಿ ಸಿನಿಮಾ ಬಂದಾಗ, ನಮ್ಮೂರ ಹುಡುಗರು ಅವರ ಹೆಸರನ್ನು ಮೊದಲ ಸಲ ಕೇಳಿದರು.

ಭಾರತ ಮತ್ತೆ ಒಲಿಂಪಿಕ್ಸ್ ಫುಟ್‌ಬಾಲ್ ಆಡೀತೇ ಎಂಬುದು ಫೆಡರೇಷನ್ನಿನವರ ತಲೆನೋವು. ನಮ್ಮದು ಅದಕ್ಕಿಂತ ಸಣ್ಣದು, ಆದರೆ ನಮ್ಮದೇ. ಹಗಲೆಲ್ಲ ಗದ್ದೆಯಲ್ಲೋ ಅಂಗಡಿಯಲ್ಲೋ ದುಡಿದ ಹುಡುಗ ಸಂಜೆ ಆಡಿದರೆ ಅದು ಪುಂಡಾಟಿಕೆಯಲ್ಲ ಎಂದು ಒಪ್ಪುವ ಊರು ಬೇಕು. ಅವನಿಗೆ ಎಡಗಾಲಲ್ಲಿ ಒದೆಯಲು ಹೇಳಿಕೊಡುವ ಒಬ್ಬ ಮಾಸ್ತರರು ಬೇಕು, ಪ್ಲಾಟಾಗದೆ ಉಳಿದ ಒಂದು ಬಯಲು ಬೇಕು. ಮೆಲ್ಬರ್ನ್ ಸೇರಿದವರೂ ಹೊರಟದ್ದು ಇಷ್ಟನ್ನೇ ಹಿಡಿದುಕೊಂಡು. ಇಷ್ಟೂ ಇಲ್ಲದ ಊರಲ್ಲಿ ಒಲಿಂಪಿಕ್ಸ್ ಮಾತಿರಲಿ, ಪಕ್ಕದ ಸಿಂಧನೂರಿನವರ ಮೇಲೆ ಆಡಲು ಹನ್ನೊಂದು ಜನರೂ ಸಿಗುವುದಿಲ್ಲ.